ಜುಟ್ಟಿ ಎರಡು ಸಲ ಸತ್ತ ಬೇಸಿಗೆ

ನಮ್ಮ ಮನೆಗೆ ಯಾವ ಯಂತ್ರ ಬಂದರೂ, ಬಂದ ಕೆಲಸವೊಂದನ್ನು ಬಿಟ್ಟು ಉಳಿದದ್ದೆಲ್ಲ ಮಾಡುತ್ತದೆ. ಫ್ರಿಜ್ ಬಂದಾಗ ಅದರ ತಲೆಯ ಮೇಲೆ ಔಷಧದ ಬಾಟಲಿ ಇಡಲು ಒಳ್ಳೆಯ ಜಾಗವಾಯಿತು. ಒಳಗೆ ಇಟ್ಟದ್ದು ಮಡಿಗೆ ಬರುವುದಿಲ್ಲ ಎಂದು ನಮ್ಮ ಅತ್ತೆ ಏನನ್ನೂ ಇಡಗೊಡಲಿಲ್ಲ. ಟೆಲಿಫೋನ್ ಬಂದಾಗ ಓಣಿಯ ಮಂದಿ ನಮ್ಮ ಪಡಸಾಲೆಯಲ್ಲಿ ಕೂತು ತಮ್ಮ ತಮ್ಮ ಬೀಗರ ಜೊತೆ ಜಗಳಾಡಿದರು; ನಮಗೆ ಮಾತ್ರ ಯಾರೂ ಫೋನ್ ಮಾಡಲಿಲ್ಲ. ಇನ್ನು ಕಂಪ್ಯೂಟರ್ ಬಂದಾಗ ಆದದ್ದನ್ನು ದಿನಚರಿಯಲ್ಲಿ ಬರೆದಿಟ್ಟಿದ್ದೇನೆ. ಗುಲಬರ್ಗಾದ ಕಾಲೇಜಿಗೆ ಹೋಗಿ ಬಿ.ಎ. ಮಾಡಿದವಳು ನಾನು, ಅದೂ ಇಂಗ್ಲಿಷ್ ತೆಗೆದುಕೊಂಡು. ಕಂಡದ್ದನ್ನು ಕಂಡ ದಿನವೇ ಬರೆಯುವ ಅಭ್ಯಾಸ. ನಮ್ಮ ಮನೆಯವರ ಹಾಗೆ ಹತ್ತು ವರ್ಷದ ಮೇಲೆ, ತಮಗೆ ಅನುಕೂಲವಾಗುವಷ್ಟನ್ನೇ ನೆನಪಿಸಿಕೊಳ್ಳುವುದಲ್ಲ.

ವಿದ್ಯಾಭ್ಯಾಸಕ್ಕೆ ಬಂದದ್ದು

ಎರಡು ಸಾವಿರದ ಐದನೆಯ ಇಸವಿಯ ಬೇಸಿಗೆ. ನಾವಾಗ ಸಿಮೆಂಟ್ ಕಾರ್ಖಾನೆಯ ಊರಾದ ವಾಡಿಯಲ್ಲಿದ್ದೆವು. ಮಗ, ಸೊಸೆ ಇಬ್ಬರೂ ಚಿಂಚೋಳಿ ಕಡೆ ಶಾಲೆ ಮಾಸ್ತರರು. ಮೊಮ್ಮಗಳು ನಮ್ಮಲ್ಲಿದ್ದು ಹತ್ತನೆಯ ಪರೀಕ್ಷೆ ಮುಗಿಸಿದ್ದಳು. ಅವಳ ವಿದ್ಯಾಭ್ಯಾಸಕ್ಕೆಂದು ಮಗ ಕಂಪ್ಯೂಟರ್ ತಂದುಕೊಟ್ಟ. ವಿದ್ಯಾಭ್ಯಾಸ ಮರುದಿನವೇ ಶುರುವಾಯಿತು. ಅವಳ ಗೆಳತಿ ಶಹಾಬಾದಿನ ಅಂಗಡಿಯಿಂದ ಒಂದು ಗೇಮಿನ ಸಿಡಿ ತಂದಳು.

ಈ ಗೆಳತಿ ಸ್ಟೇಷನ್ ಮಾಸ್ತರರೊಬ್ಬರ ಮಗಳು. ಒಂದನೆಯ ತರಗತಿಯಿಂದ ಇಬ್ಬರದೂ ಒಂದೇ ಬೆಂಚು, ಒಂದೇ ಡಬ್ಬಿ, ಶಿಕ್ಷೆಯಾದರೂ ಇಬ್ಬರಿಗೂ ಸೇರಿಯೇ. ಈಗ ಅವಳ ತಂದೆಗೆ ಸೋಲಾಪುರಕ್ಕೆ ವರ್ಗವಾಗಿತ್ತು. ಸಾಮಾನು ಕಟ್ಟುವುದರೊಳಗೆ ಈ ಗೇಮನ್ನು ಇಬ್ಬರೂ ಕೂಡಿ ಮುಗಿಸಬೇಕು, ಒಬ್ಬಳಿಲ್ಲದಾಗ ಇನ್ನೊಬ್ಬಳು ಮುಟ್ಟಬಾರದು ಎಂದು ನಮ್ಮ ತುಳಸಿಕಟ್ಟೆ ಮುಟ್ಟಿ ಆಣೆ ಮಾಡಿದರು. ಗಣಿತದ ಪರೀಕ್ಷೆಗೆ ಇದರ ಅರ್ಧ ನಿಷ್ಠೆ ಸಾಕಿತ್ತು.

ಗೇಮಿನ ಕತೆ ಹೀಗಿತ್ತು. ಯಾವುದೋ ಪರದೇಶದ ಸಣ್ಣ ಊರು, ಶಾಲೆಗೆ ಹೋಗುವ ಇಬ್ಬರು ಗೆಳತಿಯರು. ಒಬ್ಬಳಿಗೆ ಕೆಂಪು ಕೋಟು, ಇನ್ನೊಬ್ಬಳಿಗೆ ಜುಟ್ಟು. ಜುಟ್ಟಿನವಳು ಒಂದು ದಿನ ಕಾಣೆಯಾಗುತ್ತಾಳೆ. ಊರ ಹೊರಗೆ ಮುಚ್ಚಿದ ರೈಲ್ವೆ ಸ್ಟೇಷನ್ ಇದೆ; ಅಲ್ಲಿಯ ಗಡಿಯಾರದ ಮುಳ್ಳು ಹಿಂದಕ್ಕೆ ತಿರುಗಿಸಿದರೆ ಕಳೆದ ದಿನ ತಿರುಗಿ ಬರುತ್ತದೆ. ಹಾಗೆ ಹಿಂದೆ ಹಿಂದೆ ಹೋಗಿ ಕೆಂಪು ಕೋಟಿನವಳು ಗೆಳತಿಗೆ ಏನಾಯಿತೆಂದು ಹುಡುಕಬೇಕು.

ನಮ್ಮ ಅತ್ತೆಗೆ ಆಗ ಎಂಬತ್ತು ದಾಟಿತ್ತು. ಟಿ.ವಿ. ಬಂದ ಕಾಲದಲ್ಲಿ ಅದನ್ನು ನೋಡಿದರೇ ಮೈಲಿಗೆ ಎಂದವರು. ಈಗ ಬಾಗಿಲಲ್ಲಿ ಮಣೆ ಹಾಕಿಕೊಂಡು, ಮಡಿಗೆ ಭಂಗ ಬರದಷ್ಟು ದೂರದಿಂದ, ಕಣ್ಣು ಮಿಟುಕಿಸದೆ ನೋಡತೊಡಗಿದರು. ಹುಡುಗಿಯರಿಗೆ ಕೆಂಪಿ, ಜುಟ್ಟಿ ಎಂದು ಹೆಸರಿಟ್ಟವರೂ ಅವರೇ. ಪಾತ್ರಗಳ ಇಂಗ್ಲಿಷ್ ಮಾತನ್ನು ಕನ್ನಡ ಮಾಡಿ ಹೇಳುವ ಕೆಲಸ ನನಗೆ ಬಿತ್ತು. ನನ್ನ ಡಿಗ್ರಿಗೆ ಈ ಮನೆಯಲ್ಲಿ ಮೊದಲ ಬಾರಿ ನೌಕರಿ ಸಿಕ್ಕಿತು.

"ಪರೀಕ್ಷಾ ಮುಗದಾವಲ್ಲ, ಇದು ಯಾವ ಓದು?" ಎಂದು ಅತ್ತೆ ಕೇಳಿದರು.

"ಇಂಗ್ಲಿಷ್ ಅಭ್ಯಾಸ ಮಾಡ್ಲಿಕತ್ತೀವಿ, ದೊಡ್ಡಜ್ಜಿ," ಎಂದಳು ಮೊಮ್ಮಗಳು.

ಆ ತಿಂಗಳು ಅವಳು ಕಲಿತ ಇಂಗ್ಲಿಷು ಮೂರು ವಾಕ್ಯ: ಶಟ್ ಅಪ್, ಗೆಟ್ ಔಟ್, ಹೂ ಈಸ್ ದೇರ್. ಈಗ ಅವಳಿಗೆ ಮದುವೆಯಾಗಿದೆ. ಮೂರೂ ಉಪಯೋಗಕ್ಕೆ ಬರುತ್ತಿವೆಯಂತೆ.

ಕರೆಂಟಿನ ಕೃಪೆ

ಆಡುತ್ತ ಆಡುತ್ತ 'ಸೇವ್' ಎಂಬುದನ್ನು ಒತ್ತಿದರೆ ಅಲ್ಲಿಯವರೆಗಿನ ಕತೆ ಉಳಿಯುತ್ತದೆ. ಒತ್ತುವ ಮೊದಲೇ ಕರೆಂಟು ಹೋದರೆ ಎಲ್ಲ ಹೋಯಿತು, ಮತ್ತೆ ಹಿಂದಿನಿಂದ. ವಾಡಿಯ ಬೇಸಿಗೆಯಲ್ಲಿ ಕರೆಂಟು ನಮ್ಮೂರಿನ ಅಳಿಯನಿದ್ದ ಹಾಗೆ, ಬರುವುದು ಅಪರೂಪ, ಬಂದರೆ ನಿಲ್ಲುವುದಿಲ್ಲ. ಕೆಂಪಿಯಾದರೂ ಹಿಂದಿನ ದಿನಕ್ಕೆ ಹೋಗಲು ಗೋಡೆ ಹತ್ತಿ, ಮೊಣಕೈ ತರಚಿಕೊಂಡು ಮುಳ್ಳು ತಿರುಗಿಸಬೇಕಿತ್ತು. ನಮ್ಮ ಲೈನ್‌ಮನ್‌ಗೆ ಅಷ್ಟು ಕಷ್ಟವಿರಲಿಲ್ಲ.

ಹುಡುಗಿಯರು ತಲೆಯ ಮೇಲೆ ಕೈಹೊತ್ತು ಕೂತರೆ ಅತ್ತೆ ಮಾತ್ರ ಸಂತೋಷವಾಗಿದ್ದರು.

"ಅಳಬ್ಯಾಡ್ರಿ. ಮೊದಲಿಂದ ತೋರಸ್ರಿ. ಪುರಾಣ ಎರಡನೇ ಸಲ ಕೇಳಿದ್ರ ಪುಣ್ಯ ಹೆಚ್ಚು. ಮೊದಲನೇ ಸಲ ನನಗೂ ನಿದ್ದಿ ಬಂದಿತ್ತು."

ಡ್ಯೂಟಿ ಮೇಲೆ ಯಾರಿದ್ದಾರೆ

ಒಂದು ಸಂಜೆ ಗೆಳತಿಯ ತಂದೆ ಮಗಳನ್ನು ಕರೆದೊಯ್ಯಲು ಬಂದರು. ಕೂತು ಚಹಾ ಕುಡಿಯಿರಿ ಎಂದೆ. ಕಪ್ಪು ಕೈಗೆ ತೆಗೆದುಕೊಂಡು ಪರದೆಯ ಕಡೆ ನೋಡಿದವರು ಕುಡಿಯುವುದನ್ನೇ ಮರೆತರು.

"ಇದು ಯಾವ ಸ್ಟೇಷನ್?"

"ಪರದೇಶದ್ದು, ಪಪ್ಪಾ," ಎಂದಳು ಮಗಳು.

"ಡ್ಯೂಟಿ ಮ್ಯಾಲ ಯಾರದಾರ?"

"ಯಾರೂ ಇಲ್ಲ. ಬಂದ್ ಆಗಿದ್ದ ಸ್ಟೇಷನ್."

ಅಷ್ಟರಲ್ಲಿ ಕೆಂಪಿ ಗೋಡೆ ಹತ್ತಿ ಗಡಿಯಾರಕ್ಕೆ ಕೈ ಹಾಕಿದಳು. ಇವರು ಕಪ್ಪು ಕೆಳಗಿಟ್ಟು ಎದ್ದೇ ನಿಂತರು. "ಏ ತಂಗಿ, ಮುಟ್ಟಬ್ಯಾಡ ಅದನ್ನ." ತಂಗಿ ಕೇಳಲಿಲ್ಲ. ಮುಳ್ಳು ಗಿರಗಿರ ತಿರುಗಿತು, ಎರಡು ದಿನ ಹಿಂದಕ್ಕೆ ಹೋಯಿತು.

"ಎರಡು ದಿವಸ ಹಿಂದ ಹೋತಂದ್ರ ಮೊನ್ನಿ ಹೋದ ಗಾಡಿ ಮತ್ತ ಬರ್ತದ. ಇವತ್ತಿಂದೂ ಬರ್ತದ. ಎರಡೂ ಗಾಡಿಗೆ ಒಂದೇ ಲೈನ್ ಮ್ಯಾಲ ಸಿಗ್ನಲ್ ಕೊಡೋರು ಯಾರು?"

"ಪಪ್ಪಾ, ಇದು ಗೇಮ್."

"ಗೇಮೇ ಅದ ಅವ್ವಾ, ನಾ ಎಲ್ಲಿ ಅಲ್ಲ ಅಂದೆ? ಆದ್ರ ಎನ್‌ಕ್ವಾಯರಿ ಬಂದ್ರ ಅದು ಗೇಮ್ ಇರೂದಿಲ್ಲ."

ಕುಂತಲ್ಲೇ ಕುಂತು

ನಮ್ಮ ಮನೆಯವರು ತಾಲ್ಲೂಕು ಕಚೇರಿಯೊಂದರಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಯಾವ ತಾಲ್ಲೂಕು ಎಂದು ಬರೆಯುವುದಿಲ್ಲ. ಸೇಡಂ, ಚಿತ್ತಾಪುರ, ಚಿಂಚೋಳಿ, ಎಲ್ಲ ಕಡೆ ನಮಗೆ ಬೀಗಸ್ತನ ಮಾಡುವ ಮಂದಿ ಇದ್ದಾರೆ.

ಅವರು ನಾಲ್ಕು ದಿನ ಪೇಪರಿನ ಮರೆಯಿಂದ ಗೇಮು ನೋಡಿದರು. ಐದನೆಯ ದಿನ ಪೇಪರು ಮಡಚಿದರು.

"ಒಂದು ವಾರ ಹಿಂದಕ್ಕ ಹೋಗ್ಲಿಕ್ಕೆ ಇಷ್ಟು ಒದ್ದಾಟೇನು? ಗ್ವಾಡಿ ಹತ್ತೂದು, ಓಡೂದು, ಬೀಳೂದು. ನಾವು ಆಫೀಸಿನ್ಯಾಗ ಕುಂತಲ್ಲೇ ಕುಂತು ಮೂರು ವರ್ಷ ಹಿಂದಕ್ಕ ಹೋಗಿ ಊಟದ ಹೊತ್ತಿಗೆ ತಿರುಗಿ ಬರ್ತಿದ್ವಿ."

"ಹ್ಯಾಂಗ, ಅಜ್ಜಾ?" ಎಂದು ಇಬ್ಬರೂ ತಿರುಗಿದರು.

"ರಬ್ಬರ್ ಶಿಕ್ಕಾದಾಗಿನ ತಾರೀಖು ತಿರುವೂದು, ಕಾಗದಕ್ಕ ಹೊಡಿಯೂದು. ಮುಗೀತು."

"ಆದ್ರ ಇಲ್ಲಿ ಕಾಣೆಯಾದಾಕಿನ್ನ ಜೀವಂತ ತರಬೇಕು, ಅಜ್ಜಾ. ಅದು ಶಿಕ್ಕಾದಿಂದ ಆಗ್ತದೇನು?"

"ಯಾಕ ಆಗೂದಿಲ್ಲ?" ಎಂದರು ನಮ್ಮವರು. "ನಮ್ಮಲ್ಲಿ ಸತ್ತವ್ರು ಬಂದು ಸಹಿ ಮಾಡಿ ಹೋಗ್ಯಾರ."

ಸ್ನಾನದ ಪ್ರಶ್ನೆ

ಕಡೆಗೆ ಜುಟ್ಟಿ ಎಲ್ಲಿ ಹೋದಳೆಂದು ತಿಳಿಯಿತು. ಸ್ಟೇಷನ್ನಿನ ಮೇಲುಸೇತುವೆಯಿಂದ ಅವಳನ್ನು ಯಾರೋ ದೂಡಿದ್ದರು. ಬಿದ್ದು ಸತ್ತಿದ್ದಳು. ಹುಡುಗಿಯರಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದು ಕೂತರು. ನಾನು ಅತ್ತೆಗೆ ಅರ್ಥ ಹೇಳಿದೆ. ಬಾಗಿಲ ಕಡೆ ನೋಡುತ್ತೇನೆ, ಮಣೆ ಖಾಲಿ. ಬಚ್ಚಲಲ್ಲಿ ತಣ್ಣೀರು ಸುರಿಯುವ ಸದ್ದು. ಹಿತ್ತಲ ಹಗ್ಗದ ಮೇಲೆ ಒದ್ದೆ ಮಡಿಸೀರೆ ಬಂತು.

"ಸತ್ತ ಸುದ್ದಿ ಕೇಳಿದ ಮ್ಯಾಲ ಸ್ನಾನ ಮಾಡಲಾರದೆ ಹ್ಯಾಂಗ?" ಎಂದರು ಅತ್ತೆ. "ದಿನಾ ಮಕ ನೋಡಿದಾಕಿ."

ಮರುದಿನ ಹುಡುಗಿಯರು ಗಡಿಯಾರ ತಿರುಗಿಸಿ ಹಿಂದಕ್ಕೆ ಹೋದರು. ಜುಟ್ಟಿ ನಗುತ್ತ ಬಂದು ಬೆಂಚಿನ ಮೇಲೆ ಕೂತಳು. ಈಗ ಅತ್ತೆಗೆ ದೊಡ್ಡ ಚಿಂತೆ. ಸತ್ತವಳಿಗೆ ಸ್ನಾನವಾಗಿದೆ, ಸತ್ತವಳು ಸತ್ತೇ ಇಲ್ಲ. ಆ ಸ್ನಾನ ಎಲ್ಲಿಗೆ ಹೋಯಿತು? ನಾನು ಸಮಾಧಾನ ಹೇಳಿದೆ. ಬಿ.ಎ.ದಲ್ಲಿ ಇದನ್ನು ಕಲಿಸುವುದಿಲ್ಲ ಎಂದು ನನ್ನನ್ನು ಬದಿಗಿಟ್ಟು, ಚಿತ್ತಾಪುರದಿಂದ ಪೂಜೆಗೆ ಬರುತ್ತಿದ್ದ ಆಚಾರ್ಯರನ್ನು ಕೇಳಿದರು.

ಆಚಾರ್ಯರು ಪಂಚಾಂಗ ಬಿಡಿಸಿದರು. "ಸತ್ತಾಕಿ ನಿಮಗ ಹ್ಯಾಂಗ ಸಂಬಂಧ?"

"ಸಂಬಂಧ ಇಲ್ಲ. ಮೊಮ್ಮಗನ ಮಗಳು ಆಡಸ್ತಾಳ."

"ಗೋತ್ರ?"

"ಗೊತ್ತಿಲ್ಲ. ಜುಟ್ಟು ಅದ."

"ಹಂಗಾರ ಸ್ನಾನದ ಕಾರಣನೇ ಇದ್ದಿಲ್ಲ," ಎಂದರು ಆಚಾರ್ಯರು. "ಆದ್ರೂ ಬ್ಯಾಸಗಿ ಭಾಳ ಅದ. ಮಾಡಿದ್ದು ಲುಕ್ಸಾನಿಲ್ಲ."

ಹೊತ್ತು ನೋಡಿ ಕಳಿಸಿದ್ದು

ಗೆಳತಿಯ ಮನೆಯವರು ಹೊರಡುವ ದಿನ ಶುಕ್ರವಾರ ಬಂತು. ಹತ್ತೂವರೆಗೆ ರಾಹುಕಾಲ ಹತ್ತುತ್ತದೆ, ಅದಕ್ಕೆ ಮೊದಲೇ ಲಾರಿ ಹೊರಡಬೇಕೆಂದು ಅತ್ತೆಯ ಅಪ್ಪಣೆ. ಗೇಮಿನಲ್ಲಿ ಕೊನೆಯ ಸ್ವಲ್ಪವೇ ಉಳಿದಿತ್ತು. ಜುಟ್ಟಿಯನ್ನು ದೂಡಿದವನನ್ನು ಹಿಡಿದರೆ ಮುಗಿಯಿತು. ಅದನ್ನು ಕೊನೆಯ ಬೆಳಿಗ್ಗೆಗೆಂದೇ ಇಬ್ಬರೂ ಇಟ್ಟುಕೊಂಡಿದ್ದರು. ಲಾರಿ ನಮ್ಮ ಮನೆಯ ಮುಂದೆ ನಿಂತಿತು, ತಂದೆ ಒಳಗೆ ಬಂದು ಕೂತರು, ಹುಡುಗಿಯರು ಕಂಪ್ಯೂಟರ್ ಹಚ್ಚಿದರು.

ಜುಟ್ಟಿ ಸೇತುವೆಯ ಕೆಳಗೆ ಸತ್ತು ಬಿದ್ದಿದ್ದಳು.

ಹುಡುಗಿಯರು ಆಟ ಬಿಟ್ಟಾಗ ಅವಳು ಬೆಂಚಿನ ಮೇಲೆ ಕೂತಿದ್ದಳು. ತಾವಿಲ್ಲದಾಗ ಯಾರೋ ಆಡಿದ್ದಾರೆ, ಸೇವ್ ಕೂಡ ಮಾಡಿದ್ದಾರೆ. ಗೆಳತಿ ನಮ್ಮ ಮೊಮ್ಮಗಳ ಕಡೆ ತಿರುಗಿದಳು.

"ನಿನ್ನಿ ನಾ ಮನ್ಯಾಗ ಸಾಮಾನ ಕಟ್ಲಿಕತ್ತಿದ್ದೆ. ನೀ ಒಬ್ಬಾಕಿನೇ ಆಡೀದಿ."

"ನಾ ಮುಟ್ಟಿಲ್ಲ. ನಾ ಶಹಾಬಾದಿಗೆ ಹೋಗಿದ್ದೆ."

"ಕಂಪ್ಯೂಟರ್ ನಿಮ್ಮ ಮನ್ಯಾಗದ. ದೊಡ್ಡಜ್ಜಿ ಮಡಿ ಉಟ್ಟು ಬಂದು ಆಡಿದ್ರೇನು?"

"ನಿನಗ ಉಡುಗೊರೆ ತರ್ಲಿಕ್ಕೇ ಹೋಗಿದ್ನೆ ನಾ, ಹುಚ್ಚಿ."

"ನಿನ್ನ ಉಡುಗೊರೆ ನೀನೇ ಇಟ್ಕೋ. ತುಳಸಿಕಟ್ಟಿ ಮುಟ್ಟಿ ಆಣಿ ಮಾಡಿದ್ದಿ. ಸೋಲಾಪುರದಾಗ ನನಗೂ ಗೆಳತ್ಯಾರು ಸಿಗ್ತಾರ." ಹಾಗೆಂದು ಎದ್ದು ಚಪ್ಪಲಿ ಮೆಟ್ಟತೊಡಗಿದಳು. ಹತ್ತು ವರ್ಷದ ಬೆಂಚು, ಡಬ್ಬಿ ಎಲ್ಲ ಅಲ್ಲಿಗೆ ಮುಗಿಯುವುದರಲ್ಲಿತ್ತು. ನಮ್ಮವಳು ಗೋಡೆ ನೋಡುತ್ತ ಕೂತುಬಿಟ್ಟಳು.

ಆಗ ನನಗೆ ನೆನಪಾಯಿತು. ನಿನ್ನೆ ಮಧ್ಯಾಹ್ನ ನಾನು ಮಲಗಿ ಎದ್ದಾಗ ಹಗ್ಗದ ಮೇಲೆ ಇನ್ನೊಂದು ಒದ್ದೆ ಮಡಿಸೀರೆ ಇತ್ತು. ಅತ್ತೆ ಮಧ್ಯಾಹ್ನ ಸ್ನಾನ ಮಾಡುವವರಲ್ಲ.

"ಅತ್ತಿ, ನಿನ್ನಿ ಮಧ್ಯಾಹ್ನ ಯಾಕ ಸ್ನಾನ ಮಾಡಿದ್ರಿ?"

"ಜುಟ್ಟಿ ಮತ್ತ ಸತ್ಲಲ್ಲ," ಎಂದರು ಅತ್ತೆ.

"ಯಾರು ಆಡಸ್ಲಿಕತ್ತಿದ್ರು?"

ಅತ್ತೆ ಬೆರಳು ತೋರಿಸಿದರು. ಒಂದು ಬೆರಳಿಗೆ ಇಬ್ಬರು ಸಿಕ್ಕರು. ಕುರ್ಚಿಯಲ್ಲಿ ಸ್ಟೇಷನ್ ಮಾಸ್ತರರು, ಅವರ ಪಕ್ಕದಲ್ಲಿ ಪೇಪರನ್ನು ತಲೆಯ ಮಟ್ಟಕ್ಕೆ ಎತ್ತಿ ಹಿಡಿದ ನಮ್ಮ ಮನೆಯವರು.

ಸ್ಟೇಷನ್ ಮಾಸ್ತರರೇ ಮೊದಲು ಬಾಯಿ ಬಿಟ್ಟರು. "ರಾಯರಿಗೆ ಭೇಟಿ ಆಗಿ ಹೋಗಬೇಕಂತ ಬಂದಿದ್ನ್ರಿ, ಅಕ್ಕಾರ. ನಮ್ಮ ಸ್ಟೇಷನ್ನಿಂದು ಎಲ್ಲಾ ಸರಿ ಮಾಡಿ ಚಾರ್ಜ್ ಕೊಟ್ಟಿದ್ದೆ. ಇಲ್ಲಿ ಬಂದು ನೋಡ್ತೀನಿ, ಆ ಗಡಿಯಾರ ಇನ್ನಾ ಎರಡು ದಿವಸ ಹಿಂದದ. ಹಂಗೇ ಬಿಟ್ಟು ಹೋಗ್ಲಿಕ್ಕೆ ಮನಸ್ಸು ಒಪ್ಪಲಿಲ್ರಿ. ಸರಿ ಟೈಮ್ ನಾ ಹೇಳ್ದೆ, ರಾಯರು ಮುಳ್ಳು ಮುಂದಕ್ಕ ತಿರುವಿದ್ರು."

"ನಾ ಬರೇ ಮೌಸ್ ಹಿಡದಿದ್ದೆ," ಎಂದಿತು ಪೇಪರು. "ಆರ್ಡರ್ ಅವರದು."

"ಮತ್ತ ಸೇವ್ ಯಾರು ಒತ್ತಿದ್ರು?" ಎಂದೆ.

"ಆದ ಕೆಲಸಕ್ಕ ಶಿಕ್ಕಾ ಹೊಡಿಲಾರದೆ ಬಿಡ್ತಾರೇನು?"

ಗೆಳತಿ ಚಪ್ಪಲಿ ಬಿಚ್ಚಿ ಒಳಗೆ ಬಂದಳು. ನಮ್ಮವಳ ಕುರ್ಚಿಯಲ್ಲೇ ಅರ್ಧ ಜಾಗ ಮಾಡಿಕೊಂಡು ಕೂತು, "ಉಡುಗೊರೆ ಎಲ್ಲದ?" ಎಂದಳು. ಮತ್ತೆ ಗಡಿಯಾರ ತಿರುಗಿಸಿ, ಜುಟ್ಟಿಯನ್ನು ಎಬ್ಬಿಸಿ, ಅಲ್ಲಿಂದ ಕೊನೆಯವರೆಗೆ ಆಡಬೇಕು. ಕಡಿಮೆಯೆಂದರೂ ಒಂದು ತಾಸು. ಅತ್ತೆ ದೇವರ ಮನೆಗೆ ಎದ್ದುಹೋದರು. "ಅಕಿ ಪೂರಾ ಬದುಕಿದ ಮ್ಯಾಲ ಕರೀರಿ. ನಡುನಡುವ ಸ್ನಾನ ಮಾಡೂದು ನನ್ನ ಕೈಲೆ ಆಗೂದಿಲ್ಲ."

ಹೊರಗೆ ಲಾರಿಯವನು ಹಾರ್ನ್ ಹೊಡೆದ. "ಸಾಹೇಬ್ರ, ಹತ್ತಾತ್ರಿ."

ಸ್ಟೇಷನ್ ಮಾಸ್ತರರು ಮಗಳ ಕಡೆ ನೋಡಿದರು. ಒಂದೇ ಕುರ್ಚಿಯಲ್ಲಿ ಎರಡು ಜಡೆ. ಆಮೇಲೆ ಎದ್ದು, ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ನಮ್ಮ ಪಡಸಾಲೆಯ ಗೋಡೆ ಗಡಿಯಾರದ ಮುಳ್ಳನ್ನು ತಮ್ಮ ಕೈಯಾರೆ ಒಂದು ತಾಸು ಹಿಂದಕ್ಕೆ ತಿರುಗಿಸಿದರು. ಬಾಗಿಲಿಗೆ ಹೋಗಿ ಲಾರಿಯವನನ್ನು ಕರೆದು ತೋರಿಸಿದರು.

"ನೋಡಪಾ, ಇನ್ನಾ ಒಂಬತ್ತೇ ಆಗ್ಯದ."

"ನನ್ನ ವಾಚಿನ್ಯಾಗ ಹತ್ತು ಅದ್ರಿ."

"ಇಪ್ಪತ್ತೆಂಟು ವರ್ಷ ರೈಲ್ವೆದಾಗ ಟೈಮ್ ನೋಡೀನಿ. ನನ್ನ ಮಾತು ಖರೆನೋ ನಿನ್ನ ವಾಚು ಖರೆನೋ?"

ಲಾರಿಯವನು ತನ್ನ ವಾಚನ್ನು ಕಿವಿಗಿಟ್ಟು ಅಲ್ಲಾಡಿಸುತ್ತ ಹೋದ.

ಆ ದಿನ ಕರೆಂಟೂ ಹೋಗಲಿಲ್ಲ. ದೂಡಿದವನು ಶಾಲೆಯ ಸಂಗೀತದ ಮಾಸ್ತರ ಎಂದು ಬಯಲಾಯಿತು, ಜುಟ್ಟಿ ಬದುಕಿದಳು, ಕೆಂಪಿ ಅವಳನ್ನು ಅಪ್ಪಿಕೊಂಡಳು. ಇಲ್ಲಿ ಕುರ್ಚಿಯಲ್ಲಿದ್ದವರೂ ಅಪ್ಪಿಕೊಂಡರು. ಅತ್ತದ್ದು ಮಾತ್ರ ಸ್ಟೇಷನ್ ಮಾಸ್ತರರು, ಕಣ್ಣಿಗೆ ಸಿಮೆಂಟಿನ ಧೂಳು ಬಿತ್ತು ಎಂದರು.

ಅತ್ತೆ ಹೊರಗೆ ಬಂದು ಗೋಡೆಯ ಗಡಿಯಾರ ನೋಡಿದರು. ಅದರಲ್ಲಿ ಹತ್ತೂಕಾಲು. ನಿಜವಾಗಿ ಹನ್ನೊಂದೂಕಾಲು, ರಾಹುಕಾಲ ಒಳ್ಳೆಯ ಭರದಲ್ಲಿತ್ತು.

"ರಾಹುಕಾಲಕ್ಕ ಇನ್ನಾ ಪಾವು ತಾಸು ಅದ. ಒಳ್ಳೆ ಹೊತ್ತು. ಲಗೂನ ಹೊಂಡ್ರಿ," ಎಂದು ಕುಂಕುಮ ಹಚ್ಚಿ, ಕೈಗೆ ಮೊಸರು ಹಾಕಿ, ತಾವೇ ಮುಂದೆ ನಿಂತು ಲಾರಿ ಹೊರಡಿಸಿದರು. ಗಡಿಯಾರದ ಗುಟ್ಟು ಗೊತ್ತಿದ್ದ ನಾವು ಐದು ಜನ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಮರುದಿನ ಸೋಲಾಪುರದಿಂದ ಗೆಳತಿಯ ಫೋನು ಬಂತು. ದಾರಿಯಲ್ಲಿ ಒಂದು ಗ್ಲಾಸೂ ಒಡೆದಿರಲಿಲ್ಲ. ಹೋದ ದಿನವೇ ಗಾಳಿ ಬೆಳಕಿನ ಕ್ವಾರ್ಟರ್ಸ್ ಸಿಕ್ಕಿತ್ತು. ಬಾಜೂ ಮನೆಯವರಲ್ಲಿ ಕಂಪ್ಯೂಟರ್ ಕೂಡ ಇತ್ತು. ನಮ್ಮ ಮೊಮ್ಮಗಳು ರಿಸೀವರ್ ಹಿಡಿದೇ ಎಲ್ಲವನ್ನೂ ಕೂಗಿ ಹೇಳಿದಳು.

ಅತ್ತೆ ಜಪದ ಮಾಲೆಯಿಂದ ತಲೆ ಎತ್ತಲಿಲ್ಲ.

"ಆಗಲಾರದೆ ಏನು?" ಎಂದರು. "ಹೊತ್ತು ನೋಡಿ ಕಳಿಸಿದಾಕಿ ನಾನು. ನಿಮ್ಮಂಗ ಬಿ.ಎ. ಓದಿದವ್ರ ಮ್ಯಾಲ ಬಿಟ್ಟಿದ್ರ ರಾಹುಕಾಲದಾಗ ಕಳಸ್ತಿದ್ರಿ."