ಎರಡು ಕೋಣೆ, ಒಳ್ಳೆ ಬೆಳಕು

ಒತ್ತಿದ್ದು ಒಂದು ಗುಂಡಿ, ಬಿದ್ದದ್ದು ಇನ್ನೊಂದು ಗುಂಡಿಗೆ. ಭೂತಗನ್ನಡಿಯ ಆ ದಿನದ ಕತೆಯನ್ನು ಇಷ್ಟರಲ್ಲೇ ಮುಗಿಸಿಬಿಡಬಹುದು. ಆದರೆ ನಡುವೆ ಅವನು ಪಟ್ಟ ಪಾಡನ್ನು ಹೇಳದೆ ಬಿಟ್ಟರೆ ಅವನಿಗೆ ಅನ್ಯಾಯವಾದೀತು.

ಭೂತಗನ್ನಡಿ ಅವನ ಹುಟ್ಟುಹೆಸರೇನಲ್ಲ. ಕನ್ನಡಕದ ಅಂಗಡಿಯಲ್ಲಿ ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಹಾಲಿನ ಪೊಟ್ಟಣವನ್ನೂ ಬಸ್ ಟಿಕೆಟನ್ನೂ ಮೂಗಿಗೆ ತಾಗಿಸಿ ಓದುವ ಅಭ್ಯಾಸ ಕಂಡು ಹೊಸ ಬೀದಿಯವರು ಪ್ರೀತಿಯಿಂದ ಇಟ್ಟ ಹೆಸರದು. ಹೆಂಡತಿ, ಮಗಳೊಂದಿಗೆ ಅವನು ಈ ಬೀದಿಗೆ ಬಂದು ಇನ್ನೂ ವರ್ಷವಾಗಿರಲಿಲ್ಲ. ಕೆಳಗಿನ ಬಾಡಿಗೆ ಮನೆ ಅವನದು, ಮೇಲೆ ಓನರಮ್ಮ. ಓನರಮ್ಮನಿಗೆ ಮಂಡಿನೋವಿದ್ದರೂ ಕಿವಿ ಬಲು ಚುರುಕು. ಮನೆ ಕೊಡುವಾಗಲೇ ಹೇಳಿದ್ದರು: "ನೆಂಟರು ಬರಲಿ, ಎಷ್ಟು ದಿನ ಬೇಕಾದ್ರೂ ಇರಲಿ. ಆದ್ರೆ ದುಡ್ಡು ಇಸ್ಕೊಂಡು ಯಾರನ್ನಾದ್ರೂ ಒಳಗೆ ಬಿಟ್ಟಿರೋ, ಅವತ್ತೇ ಸಾಮಾನು ಹೊರಗೆ." ಹಿಂದಿನ ಬಾಡಿಗೆಯವನ ಮಂಚ ಬೀದಿಯಲ್ಲಿ ನಿಂತಿದ್ದ ಕತೆಯನ್ನು ನೆರೆಯವರು ಇಂದಿಗೂ ಹೇಳುತ್ತಿದ್ದರು.

ಮಗಳಿಗೆ ರಜೆ ಬಂದಿತ್ತು. ಸಮುದ್ರ ನೋಡಬೇಕೆಂದು ಹೆಂಡತಿಗೂ ಮಗಳಿಗೂ ಆಸೆ. ಸಮುದ್ರದ ಊರಿನಲ್ಲಿ ಭೂತಗನ್ನಡಿಯ ಸ್ವಂತ ಅಕ್ಕನೇ ಇದ್ದಳು. ತೊಡಕಿದ್ದದ್ದೇ ಅಲ್ಲಿ. ಅಕ್ಕ ಸ್ಕೂಲಿನಲ್ಲಿ ಡ್ರಿಲ್ ಟೀಚರ್. ಮನೆಗೆ ಬಂದ ನೆಂಟರನ್ನೂ ಕೋಳಿ ಕೂಗುವ ಮೊದಲೇ ಎಬ್ಬಿಸಿ ಮರಳಿನ ಮೇಲೆ ಸಾಲಾಗಿ ಓಡಿಸುತ್ತಿದ್ದಳು.

"ನಾನು ಸಮುದ್ರ ನೋಡೋಕೆ ಬರ್ತೀನಿ, ಅದರ ಸುತ್ತ ಓಡೋಕಲ್ಲ," ಎಂದು ಹೆಂಡತಿ ಕಡ್ಡಿ ಮುರಿದಂತೆ ಹೇಳಿದ್ದಳು. "ಬಾಡಿಗೆಗೆ ಒಂದು ಮನೆ ನೋಡಿ. ಅಕ್ಕಂಗೆ ಗೊತ್ತಾಗೋದು ಬೇಡ." ಹಾಗಾಗಿ ಭೂತಗನ್ನಡಿ ಅಕ್ಕನಿಗೆ ಫೋನು ಮಾಡಿ, "ಈ ಸಲ ರಜ ಸಿಗ್ತಿಲ್ಲ ಅಕ್ಕ, ಬರೋಕಾಗಲ್ಲ," ಎಂದು ಧ್ವನಿಯಲ್ಲಿ ಸಾಕಷ್ಟು ದುಃಖ ಬೆರೆಸಿ ಹೇಳಿ ಮುಗಿಸಿದ್ದ.

ಅಂದಿನಿಂದ ಶುರುವಾಯಿತು ಮನೆ ಹುಡುಕಾಟ. ರಜೆಗೆ ಮನೆ ಬಾಡಿಗೆಗೆ ಕೊಡುವವರೂ ತೆಗೆದುಕೊಳ್ಳುವವರೂ ಒಂದೇ ಕಡೆ ಸೇರುವ ಆ್ಯಪ್ ಒಂದನ್ನು ಫೋನಿಗೆ ಹಾಕಿಕೊಂಡ. ಅಕ್ಕನ ಕಣ್ಣಿಗೆ ಬೀಳದಿರಲೆಂದು ಅದರಲ್ಲಿ 'ಪ್ರವಾಸಿ' ಎಂದು ಹೆಸರು ಕೊಟ್ಟ. ಮನೆಗಳೇನೋ ರಾಶಿ ರಾಶಿ ಇದ್ದವು. 'ಸಮುದ್ರ ಕಾಣುವ ಕೋಣೆ' ಎಂದಿದ್ದ ಮನೆಯ ಚಿತ್ರವನ್ನು ದೊಡ್ಡದು ಮಾಡಿ ನೋಡಿದರೆ, ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಸಮುದ್ರವಿತ್ತು. 'ಚೊಕ್ಕ ಮನೆ' ಎಂದಿದ್ದಲ್ಲಿ ಮಂಚದ ಮೇಲೆ ಮಲಗಿಕೊಂಡೇ ಒಲೆ ಹಚ್ಚಬಹುದಾಗಿತ್ತು. ಇನ್ನೊಂದು ಮನೆಗೆ ಹತ್ತು ಚಿತ್ರ ಹಾಕಿದ್ದರು, ಹತ್ತರಲ್ಲೂ ಅದೇ ದಿಂಬು. ಒಂದು ಸಲ ಎಡದಿಂದ, ಒಂದು ಸಲ ಬಲದಿಂದ, ಹೆಣ್ಣು ನೋಡಲು ಕಳಿಸಿದ ಫೋಟೋದ ಹಾಗೆ. ಎಲ್ಲ ಸರಿಯಿದೆ ಎಂದು ಹೆಂಡತಿಯನ್ನು ಕರೆದು ತೋರಿಸುವಷ್ಟರಲ್ಲಿ 'ಈ ಮನೆ ಈಗ ಲಭ್ಯವಿಲ್ಲ' ಎಂದು ಪರದೆ ಮುಖ ತಿರುಗಿಸುತ್ತಿತ್ತು.

ಆ ಬೆಳಿಗ್ಗೆ ತಿಂಡಿ ತಿನ್ನುತ್ತಾ ಎಡಗೈಯಲ್ಲಿ ಫೋನು ಒತ್ತುತ್ತಿದ್ದಾಗ ಹಸಿರು ಗುಂಡಿಯೊಂದು ಕಂಡಿತು. 'ನಿಮ್ಮ ಮನೆಯ ವಿವರ ತಿಳಿಸಿ.' ಎಂಥ ಮನೆ ಬೇಕೆಂದು ಕೊನೆಗೂ ಒಬ್ಬರಾದರೂ ಕೇಳಿದರಲ್ಲ ಎಂದು ಅವನಿಗೆ ಕಣ್ಣು ತುಂಬಿ ಬಂತು. ಒತ್ತಿದ. ಎಷ್ಟು ಕೋಣೆ? ಎರಡು. ವಿಶೇಷವೇನು? ಒಳ್ಳೆ ಬೆಳಕು, ಗಲಾಟೆಯಿಲ್ಲ. ಯಾವಾಗಿನಿಂದ? ಬೇಗ ಸಿಗಲೆಂದು 'ಇಂದಿನಿಂದಲೇ' ಎಂದ. ವಿಳಾಸ ಕೇಳಿದರು, ಕೊಟ್ಟ. ಚಿತ್ರ ಕೇಳಿದರು.

"ಇವಳೇ, ಬೆಳಕು ಎಷ್ಟಿರಬೇಕು?"

"ನಮ್ಮ ಹಾಲ್‌ನಲ್ಲಿ ಬರೋಷ್ಟಾದ್ರೂ ಬೇಡ್ವಾ?" ಎಂದಳು ಅಡುಗೆಮನೆಯಿಂದ.

ಹಾಲ್‌ನ ಕಿಟಕಿಯ ಫೋಟೋ ತೆಗೆದು ಕಳಿಸಿ, ಕೈ ತೊಳೆದು ಕೆಲಸಕ್ಕೆ ಹೊರಟ.

ಅಂಗಡಿಯಲ್ಲಿ ಅಜ್ಜಿಯೊಬ್ಬರನ್ನು ಕುರ್ಚಿಯಲ್ಲಿ ಕೂರಿಸಿ ಅಕ್ಷರ ಓದಿಸುತ್ತಿದ್ದಾಗ ಫೋನು ಟಿಣ್ ಎಂದಿತು. 'ಅಲೆಮಾರಿ' ಎಂಬ ಹೆಸರಿನವರ ಸಂದೇಶ. 'ನಮಸ್ಕಾರ. ಮನೆ ಇಂದು ಸಂಜೆಯಿಂದಲೇ ಆದೀತೇ? ಒಂದು ವಾರಕ್ಕೆ.'

ಕನ್ನಡಕಕ್ಕೆ ಗಾಜು ಕೂರಿಸುವ ಸಹೋದ್ಯೋಗಿಯೊಬ್ಬಳಿದ್ದಳು. ಎಲ್ಲರ ವಿಷಯದಲ್ಲೂ ಅವಳದೊಂದು ಸಲಹೆ ಇರುತ್ತಿತ್ತು.

"ಮನೆಯವರೇ ಕೇಳ್ತಿದ್ದಾರೆ, ಇವತ್ತೇ ಕೊಡ್ತಾರಂತೆ," ಎಂದ ಭೂತಗನ್ನಡಿ ಸಂಭ್ರಮದಿಂದ. "ಆದ್ರೆ ನಾವು ನಾಳೆ ಹೊರಡೋಣ ಅಂತಿದ್ವಿ."

"ಈ ಸೀಸನ್‌ನಲ್ಲಿ ಸಿಕ್ಕಿದ್ದನ್ನ ಬಿಡ್ತಾರಾ ಸಾರ್? ಮೊದಲು ಒಪ್ಕೊಳ್ಳಿ, ಆಮೇಲೆ ಮಾತಾಡಿ."

ಒಪ್ಪಿಗೆಯ ಗುಂಡಿ ಒತ್ತಿದ. ಸ್ವಲ್ಪ ಹೊತ್ತಿಗೆ ಮತ್ತೆ ಟಿಣ್. 'ನೆಂಟರಿಷ್ಟರ ಗದ್ದಲ ಇರುವುದಿಲ್ಲ ತಾನೇ?'

'ಖಂಡಿತ ಇಲ್ಲ. ನಾವು ಮೂವರೇ,' ಎಂದು ಬರೆದ.

'ನೀವೂ ಅಲ್ಲೇ ಇರುತ್ತೀರಾ?'

"ಇದೊಳ್ಳೆ ಕತೆ," ಎಂದು ಭೂತಗನ್ನಡಿ ಗೊಣಗಿದ. 'ಮತ್ತೆ? ನಾವಿಲ್ಲದೆ ಇನ್ಯಾರು ಇರುತ್ತಾರೆ?'

ಅಜ್ಜಿ ಗೋಡೆಯ ಅಕ್ಷರಗಳನ್ನೆಲ್ಲ ಓದಿ ಮುಗಿಸಿ, ಬೇಸರದಿಂದ ಕ್ಯಾಲೆಂಡರ್ ಓದತೊಡಗಿದ್ದರು. ಆಮೇಲೆ ಉತ್ತರ ಬಂತು: 'ಮೊದಲೇ ಹೇಳಬೇಕಿತ್ತು. ಇರಲಿ, ನಮ್ಮ ನಾಲ್ವರಿಗೆ ಒಂದು ಕೋಣೆ ಬಿಟ್ಟರೆ ಸಾಕು. ಆಗಲೇ ಹೊರಟಿದ್ದೇವೆ. ಬೀಗದ ಕೈ ನಿಮ್ಮ ಹತ್ತಿರವೇ ಕೇಳಬೇಕಲ್ಲವೇ?'

"ಬೀಗದ ಕೈ ನಾನಲ್ವಾ ಕೇಳಬೇಕಾದ್ದು?" ಎಂದ ಭೂತಗನ್ನಡಿ.

ಸಹೋದ್ಯೋಗಿ ಫೋನು ಕಸಿದುಕೊಂಡು ನೋಡಿದಳು. ಕಿಟಕಿಯ ಚಿತ್ರ ಕಂಡಿತು. ಕಿಟಕಿಯ ಸರಳಿಗೆ ಒಣಹಾಕಿದ್ದ ಟವೆಲ್ಲೂ ಕಂಡಿತು.

"ಸಾರ್, ನೀವು ಮನೆ ತಗೊಂಡಿಲ್ಲ. ನಿಮ್ಮನೆಯನ್ನೇ ಬಾಡಿಗೆಗೆ ಕೊಟ್ಬಿಟ್ಟಿದ್ದೀರಿ!"

ಭೂತಗನ್ನಡಿಯ ಕಾಲ ಕೆಳಗಿನ ನೆಲ ಲಿಫ್ಟಿನಂತೆ ಕೆಳಗಿಳಿಯಿತು. ರದ್ದು ಮಾಡಲು ಹೋದ. ಪರದೆಯ ಮೇಲೊಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಸಹಾಯವಾಣಿಗೆ ಫೋನು ಮಾಡಿದ. ಯಂತ್ರದ ಹೆಂಗಸೊಬ್ಬಳು ಅವನ ಕರೆ ತಮಗೆ ಬಹಳ ಮುಖ್ಯವೆಂದು ಹೇಳಿ ಕೊಳಲು ಕೇಳಿಸಿದಳು. 'ತಪ್ಪಾಗಿದೆ, ದಯವಿಟ್ಟು ಬರಬೇಡಿ' ಎಂದು ಅಲೆಮಾರಿಗೆ ಬರೆದ. 'ನಿಮ್ಮ ಅತಿಥಿ ಪ್ರಯಾಣದಲ್ಲಿದ್ದಾರೆ. ಅವರನ್ನು ನಗುಮುಖದಿಂದ ಸ್ವಾಗತಿಸಿ' ಎಂದು ಆ್ಯಪ್ ಉತ್ತರಿಸಿತು.

ಅಷ್ಟರಲ್ಲಿ ಓನರಮ್ಮನ ಫೋನು. "ಏನ್ರೀ, ಯಾರೋ ಗಂಡ ಹೆಂಡತಿ ಗೇಟಿನ ಹತ್ರ ನಿಂತು ಒಂದ್ಸಲ ಫೋನ್ ನೋಡ್ತಾರೆ, ಒಂದ್ಸಲ ನಿಮ್ಮ ಕಿಟಕಿ ನೋಡ್ತಾರೆ. ಏನು ಅಂತ ಕೇಳಿದ್ರೆ, ಮುಂದಿನ ವಾರಕ್ಕೆ ಮನೆ ಖಾಲಿ ಇದ್ಯಾ ಅಂತಾರೆ. ಏನು ಸಮಾಚಾರ?"

"ಅ... ಅಡ್ರೆಸ್ ತಪ್ಪಿರಬೇಕು ಅಮ್ಮ."

"ತಪ್ಪಿದ್ರೆ ಒಳ್ಳೇದು," ಎಂದು ಓನರಮ್ಮ ಫೋನಿಟ್ಟರು. ಆ 'ಒಳ್ಳೇದು' ಭೂತಗನ್ನಡಿಗೆ ಮಂಚ ಎಳೆಯುವ ಸದ್ದಿನಂತೆ ಕೇಳಿಸಿತು.

ಅಂಗಡಿ ಯಜಮಾನರ ಮುಂದೆ ನಿಂತು ಅರ್ಧ ದಿನದ ರಜೆ ಕೇಳಿದ. ಅವರು ಆಗಲೇ ಎಲ್ಲ ಕೇಳಿಸಿಕೊಂಡಿದ್ದರು. "ಹೋಗಿ ಬನ್ನಿ. ರಜ ಮುಗಿಸಿ ಬಂದ ಮೇಲೆ ಮೊದಲು ನೀವೇ ಆ ಕುರ್ಚೀಲಿ ಕೂತು ಕಣ್ಣು ತೋರಿಸ್ಕೊಳ್ಳಿ," ಎಂದರು.

ಮನೆಯಲ್ಲಿ ಹೆಂಡತಿ ವಿಷಯ ಕೇಳಿ ಒಲೆ ಆರಿಸಿ ಬಂದಳು. ಅವಳು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು.

"ಹೊರಟು ಬಂದೋರನ್ನ ಬಾಗಿಲಿಂದ ಓಡ್ಸೋಕಾಗತ್ತಾ? ಇವತ್ತೊಂದು ರಾತ್ರಿ ಮಲಗಿ, ನಾಳೆ ಬೇರೆ ಕಡೆ ನೋಡ್ಕೊಳ್ಳಲಿ. ಪೈಸೆ ಇಸ್ಕೋಬೇಡಿ. ಓನರಮ್ಮ ಕೇಳಿದ್ರೆ ನೆಂಟರು ಅನ್ನಿ."

"ಯಾವ ನೆಂಟರು?"

"ನಿಮ್ಮಕ್ಕ, ಭಾವ, ಮಕ್ಕಳು ಅನ್ನಿ. ಅವರೂ ನಾಲ್ಕೇ ಜನ ತಾನೇ? ಓನರಮ್ಮ ಅವರನ್ನ ನೋಡೇ ಇಲ್ಲ. ನಿಮ್ಮಕ್ಕ ಈ ಮನೆಗೆ ಒಂದ್ಸಲನೂ ಬಂದಿಲ್ಲವಲ್ಲ."

ಇಷ್ಟು ಒಳ್ಳೆಯ ಸುಳ್ಳು ತನ್ನ ತಲೆಗೇಕೆ ಹೊಳೆಯಲಿಲ್ಲವೆಂದು ಭೂತಗನ್ನಡಿಗೆ ಹೆಂಡತಿಯ ಮೇಲೆ ಅಭಿಮಾನ ಉಕ್ಕಿತು. ಓಡಿ ಮಹಡಿ ಹತ್ತಿ, ಸಂಜೆ ಅಕ್ಕ ಭಾವ ಬರುತ್ತಿದ್ದಾರೆಂದು ಓನರಮ್ಮನಿಗೆ ಹೇಳಿದ.

"ಹೌದಾ? ನಿಮ್ಮ ಕಡೆಯವರು ಅಂತ ಯಾರೂ ಬಂದಿರಲಿಲ್ಲ. ಕೆಳಗೆ ಬಂದು ಮಾತಾಡ್ಸಿ ಹೋಗ್ತೀನಿ," ಎಂದರು ಓನರಮ್ಮ. ಅವರ ಮುಖ ಸಂತೋಷದ್ದೋ ಅನುಮಾನದ್ದೋ ತಿಳಿಯುವಂತಿರಲಿಲ್ಲ.

ಉಪಾಯ ಸರಳವಾಗಿತ್ತು. ಬಂದವರನ್ನು ಗೇಟಿನಲ್ಲೇ ತಡೆದು, ಇಂಥಿಂಥವರೆಂದು ಹೇಳಿಕೊಳ್ಳಿ ಎಂದು ಕಿವಿಯಲ್ಲಿ ಊದುವುದು. ಸಂಜೆಯಾಗುತ್ತಲೇ ಭೂತಗನ್ನಡಿ ಗೇಟಿಗೆ ಅಂಟಿಕೊಂಡು ನಿಂತ. ಓನರಮ್ಮ ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲಿಳಿದು, ಅವನಿಗಿಂತ ಸ್ವಲ್ಪ ಹಿಂದೆ ಕುರ್ಚಿ ಹಾಕಿಕೊಂಡು ಕೂತರು.

ಕತ್ತಲಾಗುವ ಹೊತ್ತಿಗೆ ಕಾರೊಂದು ತಿರುವಿನಲ್ಲಿ ಕಾಣಿಸಿತು. ದೀಪ ನೇರ ಭೂತಗನ್ನಡಿಯ ಮುಖಕ್ಕೆ ಹೊಡೆಯಿತು. ಎದುರಿಗೆ ಏನೂ ಕಾಣದೆ ಕೈ ಚಾಚಿಕೊಂಡು ಓಡಿದ. ತೆರೆದಿದ್ದ ಕಿಟಕಿಯೊಳಗೆ ತಲೆ ತೂರಿಸಿ, ಒಂದೇ ಉಸಿರಿಗೆ ಹೇಳಿದ:

"ತಪ್ಪು ತಿಳ್ಕೋಬೇಡಿ ಮೇಡಂ, ಒಂದು ಉಪಕಾರ ಮಾಡಿ. ಯಾರಾದ್ರೂ ಕೇಳಿದ್ರೆ ನೀವು ನನ್ನ ಅಕ್ಕ ಅಂತ ಹೇಳಿ!"

"ಮತ್ತೆ ಇನ್ನೇನು ನಿನ್ನ ಅತ್ತೆ ಅಂತ ಹೇಳ್ಕೊಳ್ಳಲೇನೋ, ಮುಠ್ಠಾಳ?"

ಭೂತಗನ್ನಡಿ ಕಣ್ಣುಜ್ಜಿಕೊಂಡ. ಮುಂದಿನ ಸೀಟಿನಲ್ಲಿ ಕೂತಿದ್ದವಳು ಅಕ್ಕ. ಪಕ್ಕದಲ್ಲಿ ಸ್ಟೇರಿಂಗ್ ಹಿಡಿದು ಕಲ್ಲಾಗಿ ಕೂತಿದ್ದವರು ಭಾವ, ಅರ್ಥಾತ್ ಅಲೆಮಾರಿ. ಹಿಂದೆ ಇಬ್ಬರು ಮಕ್ಕಳು ನಿದ್ದೆಗಣ್ಣಲ್ಲಿ, "ಮಾವಾ!" ಎಂದವು.

"ಅಕ್ಕ! ನೀನು ಇಲ್ಲಿ..."

"ನೀನು ಇಲ್ಲಿ ಏನ್ಮಾಡ್ತಿದ್ದೀಯಾ?" ಎಂದಳು ಅಕ್ಕ.

"ನನ್ನ ಹೊಸ ಮನೆ ಇದು! ನಿನಗೆ ಅಡ್ರೆಸ್ ಕೊಡೋದೇ ಮರೆತಿದ್ದೆ!"

ಹಿಂದಿನಿಂದ ಕುರ್ಚಿ ಸರಿದ ಸದ್ದು. "ನನಗೆಲ್ಲ ಕೇಳಿಸ್ತು," ಎಂದರು ಓನರಮ್ಮ. "ಅಕ್ಕ ಅಂತ ಹೇಳಿ ಅಂತ ಹೇಳ್ಕೊಟ್ರಿ. ಅವರೂ ಚೆನ್ನಾಗೇ ನಾಟಕ ಆಡ್ತಿದ್ದಾರೆ."

"ಅಯ್ಯೋ, ಇವಳು ನಿಜವಾಗ್ಲೂ ನನ್ನಕ್ಕ ಅಮ್ಮ! ಸ್ವಂತ ಅಕ್ಕ! ನನಗೇ ಗೊತ್ತಿರಲಿಲ್ಲ!"

"ಸ್ವಂತ ಅಕ್ಕ ಅಂತ ಗೊತ್ತಿರಲಿಲ್ವಾ?" ಓನರಮ್ಮನ ಹುಬ್ಬು ಹಣೆಯ ಅರ್ಧ ದಾರಿ ಹತ್ತಿತು.

ಭೂತಗನ್ನಡಿ ವಿವರಿಸಿದಷ್ಟೂ ಗಂಟು ಬಿಗಿಯಾಯಿತು. ಹೆಂಡತಿ ಬಾಗಿಲಿಗೆ ಬಂದು, ಅತ್ತಿಗೆಯನ್ನು ಕಂಡು, ಕೈಯಲ್ಲಿದ್ದ ಸೌಟು ಕೆಳಗೆ ಹಾಕಿದಳು. ಅದೂ ನಾಟಕದ ಭಾಗವೆಂದೇ ಓನರಮ್ಮ ತಿಳಿದರು. ಅಷ್ಟರಲ್ಲಿ ಅಕ್ಕ ಕಾರಿನಿಂದಿಳಿದು ತಮ್ಮನನ್ನು ಮೇಲಿಂದ ಕೆಳಕ್ಕೆ ನೋಡಿದಳು.

"ಏನೋ ಇದು ಗೂನು? ಬೆನ್ನು ನೆಟ್ಟಗೆ ಮಾಡು! ಹೊಟ್ಟೆ ಒಳಗೆ! ರಜ ಸಿಗಲಿಲ್ಲ ಅಂತ ನನಗೆ ಸುಳ್ಳು ಹೇಳ್ತೀಯಾ? ಮನೇನ ಊರೋರಿಗೆಲ್ಲ ಬಾಡಿಗೆಗೆ ಕೊಡ್ತೀಯಾ? ಚಿಕ್ಕಂದಿನಿಂದ ನಿಂದು ಇದೇ ಆಯ್ತು. ಗುಂಡಿ ಕಂಡ್ರೆ ಒತ್ತಬೇಕು, ಹಗ್ಗ ಕಂಡ್ರೆ ಎಳೀಬೇಕು!"

ಭೂತಗನ್ನಡಿ ತನಗೇ ತಿಳಿಯದಂತೆ ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆ ಒಳಗೆಳೆದು, ಕೈ ಎರಡೂ ಪಕ್ಕಕ್ಕೆ ತಂದು ನಿಂತಿದ್ದ.

ಓನರಮ್ಮ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. ಮುಖ ಸಡಿಲವಾಯಿತು. "ಬಾಡಿಗೆಗೆ ಬಂದೋರು ಇಷ್ಟು ಹಕ್ಕಿಂದ ಬೈಯಲ್ಲ. ಅಕ್ಕನೇ ಇವರು," ಎಂದು ತೀರ್ಪು ಕೊಟ್ಟು, ಎಲ್ಲರಿಗಿಂತ ಮುಂದಾಗಿ ಒಳಗೆ ಹೋಗಿ ಸೋಫಾದಲ್ಲಿ ಕೂತರು.

ಟೀ ಕುಡಿಯುವಾಗ ನಿಜ ಒಂದೊಂದಾಗಿ ಹೊರಬಂತು. ಗುಂಡಿ ತಪ್ಪಿ ಒತ್ತಿದ್ದನ್ನೂ ಪೈಸೆ ಮುಟ್ಟದಿದ್ದನ್ನೂ ಕೇಳಿ ಓನರಮ್ಮ, ಹೋಗಲಿ ಬಿಡಿ ಎಂದರು.

"ಅಕ್ಕ, ಊರಿಗೆ ಬಂದು ನಮ್ಮನೆಗೆ ಬರದೆ ಬಾಡಿಗೆ ಮನೆ ನೋಡಿದ್ದೀಯಲ್ಲ," ಎಂದ ಭೂತಗನ್ನಡಿ ನಿಜವಾಗಿ ನೊಂದುಕೊಂಡು.

ಅಕ್ಕ ಟೀ ಲೋಟ ಎತ್ತಿಕೊಂಡು ಗಂಡನ ಕಡೆ ನೋಡಿದಳು. ಉತ್ತರ ಕೊಟ್ಟವರು ಭಾವ. "ತಪ್ಪು ತಿಳ್ಕೋಬೇಡಪ್ಪ. ನಿಮ್ಮ ಹಳೇ ಮನೆಗೆ ಬಂದಾಗಲೆಲ್ಲ ಚಪ್ಪಲಿ ಬಿಡೋಕೆ ಮುಂಚೆ ಗೋಡೆಗೆ ನಿಲ್ಲಿಸಿ ಅಕ್ಷರ ಓದಿಸ್ತೀಯ. ಹೋದ ಸಲ ಮೂರು ಕನ್ನಡಕದ ಜೊತೆ ವಾಪಸ್ ಹೋದೆ. ನನ್ನ ಕಣ್ಣು ಚೆನ್ನಾಗೇ ಇದೆ. ರಜದಲ್ಲಿ ಮೃಗಾಲಯ ನೋಡೋಣ ಅಂದ್ಕೊಂಡ್ವಿ, ಅಕ್ಷರ ಅಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ಆ ನಗುವಿನ ಧೈರ್ಯದಲ್ಲಿ ಹೆಂಡತಿಯೂ ಬಾಯಿಬಿಟ್ಟಳು. "ನಾವೂ ನಿಮ್ಮೂರಲ್ಲೇ ಬಾಡಿಗೆ ಮನೆ ಹುಡುಕ್ತಿದ್ವಿ ಅತ್ತಿಗೆ. ಅಷ್ಟು ಬೆಳಿಗ್ಗೆ ಓಡೋಕೆ ನನ್ನ ಕೈಲಾಗಲ್ಲ."

"ನನಗಾದ್ರೂ ಆಗತ್ತೇನೆ?" ಎಂದಳು ಅಕ್ಕ. "ನೆಂಟರು ಬಂದಾಗ ನಾನು ಮಲಗಿದ್ರೆ ಡ್ರಿಲ್ ಟೀಚರ್ ಮರ್ಯಾದೆ ಏನಾಗ್ಬೇಕು? ನೀವು ಬರಲ್ಲ ಅಂದಾಗ ಎಷ್ಟು ಆರಾಮಾಯ್ತು ಗೊತ್ತಾ!"

ಮಕ್ಕಳು ಒಂದು ಕೋಣೆಯನ್ನು ವಶಪಡಿಸಿಕೊಂಡು ಗದ್ದಲ ಎಬ್ಬಿಸಿದ್ದವು. ಭೂತಗನ್ನಡಿಗೆ ಬಹಳ ದಿನದ ಮೇಲೆ ಎದೆ ಹಗುರವಾಗಿತ್ತು. ಮನೆ ಉಳಿದಿತ್ತು, ಅಕ್ಕ ಸಿಕ್ಕಿದ್ದಳು, ಮನೆ ಹುಡುಕುವ ಕೆಲಸವೂ ಮುಗಿದಂತಿತ್ತು. ಆಗಲೇ ಅಕ್ಕ ತೊಡೆ ತಟ್ಟಿ ಎದ್ದಳು.

"ಹೇಗೂ ಎಲ್ಲ ಸೇರಿದ್ದೀವಿ. ನಮ್ಮೂರೂ ಬೇಡ, ನಿಮ್ಮೂರೂ ಬೇಡ. ಬೆಟ್ಟದ ಕಡೆ ಒಂದು ದೊಡ್ಡ ಮನೆ ತಗೊಂಡು ಎಲ್ಲರೂ ಒಟ್ಟಿಗೆ ಹೋಗೋಣ. ನೋಡೋ, ಹುಡುಕು."

"ನಾನಾ?"

"ಫೋನು ನಿನ್ನ ಕೈಲೇ ಇದೆಯಲ್ಲ!"

ಹೆಂಡತಿ ಅಡುಗೆಮನೆಯಿಂದ, ಬೆಳಕು ಚೆನ್ನಾಗಿರಲಿ ಎಂದಳು. ಮಕ್ಕಳು ಈಜುಕೊಳ ಬೇಕೆಂದು ಕೂಗಿದವು. ಭಾವ ಪಕ್ಕಕ್ಕೆ ಬಂದು ಕೂತು, ತಮ್ಮ ಫೋನನ್ನೂ ಹೊರತೆಗೆದರು. ಅಕ್ಕನ ಮನೆಯಲ್ಲಿ ಆ ಕೆಲಸ ಅವರದೇ ಎಂದು ಅವರ ನಿಟ್ಟುಸಿರಿನಿಂದ ತಿಳಿಯಿತು. ಇಬ್ಬರೂ ಒಬ್ಬರ ಹೆಗಲಿಗೆ ಒಬ್ಬರು ಒರಗಿ ಪರದೆ ಸರಿಸತೊಡಗಿದರು.

"ನಾನೂ ಎಲ್ಲಾದರೂ ಹೋಗಿ ಎಷ್ಟು ವರ್ಷ ಆಯ್ತೋ," ಎಂದರು ಓನರಮ್ಮ, ಖಾಲಿ ಲೋಟ ಕೆಳಗಿಡುತ್ತಾ.

ಅಕ್ಕ ಆ ಕ್ಷಣವೇ, "ನೀವೂ ಬನ್ನಿ ಅಮ್ಮ!" ಎಂದುಬಿಟ್ಟಳು. ಭೂತಗನ್ನಡಿ ತಡೆಯುವಷ್ಟರಲ್ಲಿ ಓನರಮ್ಮ ಒಪ್ಪಿಯೂ ಆಗಿತ್ತು.

"ಬರ್ತೀನಮ್ಮ. ಮೆಟ್ಟಿಲಿಲ್ಲದ ಮನೆ ನೋಡಲಿ, ಸಾಕು." ಅವರು ಭೂತಗನ್ನಡಿಯ ಕಡೆ ಬಾಗಿ ದನಿ ತಗ್ಗಿಸಿದರು. "ಆಮೇಲೆ ಇನ್ನೊಂದು ಮಾತು. ಓನರ್ ಅದೇ ಕಟ್ಟಡದಲ್ಲಿ ಇರಬಾರದು, ನೋಡಿ. ಬಂದೋರು ಯಾರು, ಹೋದೋರು ಯಾರು ಅಂತ ಕಿವಿ ನೆಟ್ಟಗೆ ಮಾಡ್ಕೊಂಡು ಕೂತಿರ್ತಾರೆ. ಅಂಥೋರ ಜೊತೆ ನನಗೆ ಆಗಲ್ಲಪ್ಪ."