ಎಪ್ಪತ್ತೆರಡನೇ ಪುಟದ ಸಾಕ್ಷಿ

ಕೊಲೆ, ದರೋಡೆಗಳ ನಿಜಕಥೆ ನಾಲ್ಕು ಪುಟ ಓದದಿದ್ದರೆ ನನಗೆ ಮಧ್ಯಾಹ್ನದ ನಿದ್ದೆ ಹತ್ತುವುದಿಲ್ಲ. ನಿವೃತ್ತ ಮೇಷ್ಟ್ರು ಒಪ್ಪಿಕೊಳ್ಳುವಂಥ ಚಟವಲ್ಲ. ಪೊಲೀಸರು ಬರೆದ ಪುಸ್ತಕಗಳಲ್ಲಿ ನನಗೆ ಅಚ್ಚರಿಯೆಂದರೆ, ಅಲ್ಲಿ ಎಲ್ಲರಿಗೂ ಎಲ್ಲವೂ ನೆನಪಿರುತ್ತದೆ, ಕಳ್ಳನ ಅಂಗಿಯ ಗುಂಡಿಯ ಬಣ್ಣ ಕೂಡ. ನನಗೋ, ಕನ್ನಡಕ ಹಣೆಯ ಮೇಲೇ ಇದ್ದರೂ ಮನೆಯೆಲ್ಲ ಮಹಜರು ನಡೆಯಬೇಕು.

ಕಳೆದ ವಾರ ದೊಡ್ಡಬಳ್ಳಾಪುರದ ಬಸ್ ನಿಲ್ದಾಣದಲ್ಲಿ ಕೊಂಡ ಪುಸ್ತಕದ ಎಪ್ಪತ್ತೆರಡನೇ ಪುಟಕ್ಕೆ ಬಂದಾಗ ಎದ್ದು ಕೂತೆ. ಇಪ್ಪತ್ತು ವರ್ಷದ ಹಿಂದೆ ಮಾಕಳಿದುರ್ಗದ ಬುಡದ ತೋಟವೊಂದರಿಂದ ಬೋರ್‌ವೆಲ್ ಕೇಬಲ್ ಕದ್ದ ಮುನಿರಾಜು ಎಂಬ ಯುವಕ ಅದನ್ನು ಬಚ್ಚಿಟ್ಟ ಬೆಟ್ಟದ ಮೇಲಿನ ಪೊದೆಯೊಂದನ್ನು ಪೊಲೀಸರಿಗೆ ತೋರಿಸಿದನಂತೆ. ಜಪ್ತಿಗೆ ಸಾಕ್ಷಿಯಾಗಿ ಬಂದಿದ್ದ 'ಎಡಗೈ ಬರಹದ ಸಾಸಲಿನ ಮೇಷ್ಟ್ರು' ಬಂಡೆ ಹತ್ತಿ, ಮುಳ್ಳು ಸರಿಸಿ, ಕೇಬಲನ್ನು ಕಣ್ಣಾರೆ ಕಂಡರಂತೆ. ಸಾಸಲಿನಲ್ಲಿ ಎಡಗೈ ಮೇಷ್ಟ್ರು ನಾನೊಬ್ಬನೇ.

ಆದರೆ ನಾನು ಬೆಟ್ಟ ಹತ್ತಿರಲೇ ಇಲ್ಲ! ಸರ್ಕಾರಿ ನೌಕರನ ಸಾಕ್ಷಿಗೆ ತೂಕ ಹೆಚ್ಚು ಎಂದು ಶಾಲೆಯಿಂದ ಜೀಪಿನಲ್ಲಿ ಕರೆದೊಯ್ದಿದ್ದರು. ಕೆಳಗಿನ ಹೋಟೆಲಿನಲ್ಲಿ ಇಡ್ಲಿ ತಿನ್ನುತ್ತಿದ್ದಾಗ ಪೇದೆಯೊಬ್ಬ ಬಂದು, "ಮೇಷ್ಟ್ರೇ, ಕೈ ತೊಳ್ಕೊಂಡು ಇಲ್ಲೊಂದು ಸೈನ್ ಹಾಕ್ಬಿಡಿ" ಎಂದ. ಎಡಗೈಯವನಿಗೆ ಕೈ ತೊಳೆಯುವ ಅಗತ್ಯವೂ ಬೀಳಲಿಲ್ಲ.

"ಎಷ್ಟು ಸುಳ್ಳು ಬರೀತಾರೆ ನೋಡೇ!" ಎಂದು ಹೆಂಡತಿ ಸರೋಜಳ ಮುಂದೆ ಕೂಗಾಡಿದೆ. ಅವಳು ಪುಸ್ತಕ ಕಸಿದುಕೊಂಡು ಅಡಿಟಿಪ್ಪಣಿ ಓದಿದಳು. ಆಧಾರ: ಸದರಿ ಮೇಷ್ಟ್ರು ನ್ಯಾಯಾಲಯದಲ್ಲಿ ನೀಡಿದ ಹೇಳಿಕೆ.

"ಹೇಳಿದ್ದು ನೀವೇ ಅಲ್ವೇನ್ರೀ? ನನ್ ತಮ್ಮನ ಮದುವೇಲೂ ಬಂಡೆ ಹತ್ತಿದ ಕಥೆ ಕೊಚ್ಚಿದ್ರಿ. ಮಹಡಿ ಮೇಲೆ ಹಪ್ಪಳ ಒಣಗಾಕಿ ಅಂದ್ರೆ ಮಾತ್ರ ಮಂಡಿನೋವು!"

ಕಟಕಟೆಯಲ್ಲಿ ಏನು ಹೇಳಿದ್ದೆನೋ ನಾನು ಮರೆತಿದ್ದೆ. ಮುನಿರಾಜುವಿಗೆ ಮೂರು ತಿಂಗಳು ಜೈಲಾದದ್ದನ್ನು ಎಪ್ಪತ್ತಮೂರನೇ ಪುಟ ಮರೆತಿರಲಿಲ್ಲ.

ಮರುದಿನವೇ ಕ್ಷಮೆ ಕೇಳಲು ಹೊರಟೆ. ಅವನೀಗ ಆ ಬೆಟ್ಟದ ಬುಡದಲ್ಲೇ ಟ್ರೆಕ್ಕಿಂಗಿಗೆ ಬರುವವರಿಗೆ ಎಳನೀರು ಮಾರುತ್ತಾನೆ. "ಬನ್ನಿ ಮೇಷ್ಟ್ರೇ" ಎಂದು ನಗುತ್ತಲೇ ಕಾಯಿ ಕೆತ್ತತೊಡಗಿದ.

"ಮುನಿರಾಜು, ಆ ಕೇಬಲ್ ಕದ್ದಿದ್ದು ನೀನೇ ಏನಪ್ಪಾ?" ಎಂದೆ. ಕೇಳಲು ಹೋದದ್ದು ಕ್ಷಮೆ, ಬಾಯಿಗೆ ಬಂದದ್ದು ವಿಚಾರಣೆ. ಓದಿನ ಪ್ರಭಾವ.

ಮಚ್ಚು ಗಾಳಿಯಲ್ಲೇ ನಿಂತಿತು. "ಇಲ್ಲ ಅಂತ ಅವತ್ತಿಂದ ಹೇಳ್ತಾನೇ ಇವ್ನಿ ಮೇಷ್ಟ್ರೇ. ಪೊದೆ ನಾನೇ ತೋರ್ಸಿದ್ನಂತೆ. ನಾನಿದ್ದದ್ದು ಜೀಪಲ್ಲಿ, ಬೇಡಿ ಹಾಕ್ಕೊಂಡು. ಮ್ಯಾಲಕ್ ಹತ್ತಿ ನೋಡ್ದೋರು ನೀವಲ್ವಾ? ನೀವೇ ಹೇಳಿ, ಅಲ್ಲಿತ್ತಾ?"

ಬೆಟ್ಟದ ಕಡೆ ನೋಡಿದೆ. ನಿಜವಾಗಿ ಹೆದರಿದ್ದು ಆಗ. ಪೊದೆ, ಮುಳ್ಳು, ಸುತ್ತಿಟ್ಟ ಕಪ್ಪು ಕೇಬಲ್, ಎಲ್ಲವೂ ಕಣ್ಣಿಗೆ ಕಟ್ಟಿದಂತಿತ್ತು. 'ಇತ್ತು' ಎನ್ನಲು ಬಾಯಿ ತೆರೆದೇಬಿಟ್ಟಿದ್ದೆ.

"ನಾನು ಹತ್ತಲೇ ಇಲ್ಲ ಕಣಪ್ಪಾ. ಇಡ್ಲಿ ತಿಂತಿದ್ದೆ."

"ಗೊತ್ತು. ಜೀಪಿಂದ ಕಾಣ್ತಿತ್ತು" ಎಂದು ಎಳನೀರು ಕೈಗಿಟ್ಟ. "ನನಗೂ ಎರಡು ಕೊಡ್ಸಿದ್ರಿ. ಆ ಇಡ್ಲಿ ವಿಷ್ಯಾನೇ ಕೋರ್ಟಲ್ಲಿ ಹೇಳಿದ್ರೆ ಸಾಕಾಗಿತ್ತು."

ಅವನಿಗೆ ಇಡ್ಲಿ ಕೊಡಿಸಿದ್ದು ನನಗೆ ಸುತರಾಂ ನೆನಪಿಲ್ಲ. ಆದರೂ ಮನೆಗೆ ಬಂದು ಸರೋಜಳಿಗೆ ಹೇಳುವಷ್ಟರಲ್ಲಿ ಎರಡು ಇಡ್ಲಿ ನಾಲ್ಕಾಗಿತ್ತು, ಜೊತೆಗೊಂದು ವಡೆಯೂ ಇತ್ತು.