ಗ್ವಾಡಿ ವಿಚಾರ ಮಾಡಾಕತ್ತೈತಿ

ಕೆಲವರಿಗೆ ಹಾದಿಯಲ್ಲಿ ಚಪ್ಪಲಿ ಹರಿಯುತ್ತದೆ, ಕೆಲವರಿಗೆ ಕಣ್ಣೆದುರೇ ಬಸ್ಸು ತಪ್ಪುತ್ತದೆ. ನನಗೆ ಹಾಗಲ್ಲ. ಸುಮ್ಮನೆ ನಿಂತಲ್ಲೇ ಏನೋ ಒಂದು ಆಗಿಬಿಡುತ್ತದೆ, ಆದ ಮೇಲೆ ಅದು ಯಾಕಾಯಿತು ಅಂತ ನನಗೇ ತಿಳಿಯುವುದಿಲ್ಲ. ಬಾದಾಮಿಯ ಗುಹೆಗಳ ಮುಂದೆ ಮಂಗ್ಯಾಗಳ ಜೊತೆ ಗುದ್ದಾಡುತ್ತ ಶೇಂಗಾ ಮಾರಿದ್ದೇನೆ, ಹುನಗುಂದದ ಲಾರಿಗಳಲ್ಲಿ ಕ್ಲೀನರ್ ಆಗಿದ್ದೇನೆ, ಬಾಗಲಕೋಟೆಯಲ್ಲಿ ಆಣೆಕಟ್ಟಿನ ಹಿನ್ನೀರಿಗೆ ಮುಳುಗುವ ಮನೆಗಳ ಬಾಗಿಲು ಚೌಕಟ್ಟು ಹೊತ್ತಿದ್ದೇನೆ. ಎಲ್ಲೂ ಮೂರು ತಿಂಗಳಿಗಿಂತ ಹೆಚ್ಚು ನಿಂತವನಲ್ಲ. ಸಾಲಿ ಓದುವುದನ್ನಂತೂ ನಾಲ್ಕನೇತ್ತೆಯ, ಅಂದರೆ ನಾಲ್ಕನೇ ತರಗತಿಯ, ಅರ್ಧಕ್ಕೇ ಮುಗಿಸಿದವನು.

ಅಂಥವನಿಗೆ ಸಾಲಿ ತಿರುಗಿ ಗಂಟುಬಿತ್ತು. ಮಕ್ಕಳ ರಕ್ಷಣೆ, ತಂದೆತಾಯಿಗಳ ಹೊಣೆ, ಆರಿಸಿ ಬಂದವರ ಹೊಣೆ, ಇವುಗಳ ಬಗ್ಗೆ ತಿಳಿದವರು ಬೇಕಾದಷ್ಟು ಹೇಳಿದ್ದಾರೆ. ನನಗೆ ಗೊತ್ತಿರುವುದು ಇಳಕಲ್ಲಿನ ಒಂದು ಸಾಲಿಯ ಒಂದೇ ಒಂದು ಗೋಡೆ, ನಮ್ಮ ಮಾತಿನಲ್ಲಿ ಗ್ವಾಡಿ. ಅದೂ ಪೂರ್ತಿ ಗೊತ್ತಾಗಿಲ್ಲ.

೧. ನಮ್ಮಪ್ಪ ಊರಾಗಿಲ್ಲರಿ

ಆ ವರ್ಷ ನಮ್ಮ ಕಡೆ ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ಸುದ್ದಿ ಹಬ್ಬಿತ್ತು. ಕಂಡವರು ಯಾರೂ ಇಲ್ಲ, ಆದರೆ ಕಳ್ಳ ಹೇಗಿರುತ್ತಾನೆ ಅಂತ ಎಲ್ಲರಿಗೂ ಗೊತ್ತು: ಗಡ್ಡ ಬಿಟ್ಟಿರುತ್ತಾನೆ, ಹೆಗಲಿಗೆ ಚೀಲ ಇರುತ್ತದೆ, ಜೇಬಿನಲ್ಲಿ ಪೆಪ್ಪರಮಿಂಟು ಇರುತ್ತದೆ.

ನಾಲ್ಕು ತಿಂಗಳ ಮೇಲೆ ಊರಿಗೆ ಬಂದ ನಾನು ಮನೆಗೂ ಹೋಗದೆ ಮಗಳನ್ನು ನೋಡಬೇಕೆಂದು ನೆಟ್ಟಗೆ ಸಾಲಿಗೆ ಹೋದೆ. ಗಡ್ಡ ಇತ್ತು. ಚೀಲ ಇತ್ತು. ಪೆಪ್ಪರಮಿಂಟೂ ಇತ್ತು.

ಕಿಟಕಿಯಲ್ಲಿ ಇಣುಕಿದ್ದೇ ತಡ, ಹಿಂದಿನಿಂದ ಯಾರೋ ಅಂಗಿಯ ಕಾಲರ್ ಹಿಡಿದರು. ಎರಡು ನಿಮಿಷದಲ್ಲಿ ಇಪ್ಪತ್ತು ಮಂದಿ.

"ಯಾರಲೇ ನೀನು?"

"ಇಲ್ಲೇ ಓದೂ ಹುಡುಗಿ ಅಪ್ಪ ಅದೀನ್ರಿ."

"ಎಲ್ಲಾ ಕಳ್ಳರೂ ಹಂಗ ಅಂತಾರ!"

ಹೆಡ್ ಮಾಸ್ತರರು ನನ್ನ ಮಗಳನ್ನು ಕರೆಸಿದರು. ಮೂರನೇತ್ತೆಯ ಹುಡುಗಿ. ನನ್ನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ಇವರು ನಿಮ್ಮಪ್ಪ ಏನವ್ವಾ?" ಅಂತ ಕೇಳಿದರೆ, ಮನೆಯಲ್ಲಿ ಯಾರು ಬಂದು ಕೇಳಿದರೂ ಹೇಳುವ ಮಾತನ್ನೇ ಒಪ್ಪಿಸಿದಳು: "ನಮ್ಮಪ್ಪ ಊರಾಗಿಲ್ಲರಿ."

ನನಗೆ ಒಂದು ಕ್ಷಣ ಅವಳು ಹೇಳುವುದೇ ಖರೆ ಅನ್ನಿಸಿಬಿಟ್ಟಿತು.

ಕಡೆಗೆ ಹೆಂಡತಿ ಬಂದಳು. ಸೆರಗು ಸರಿಮಾಡಿಕೊಂಡು ಬಹಳ ಹೊತ್ತು ನನ್ನನ್ನು ನೋಡಿ ಮಾಸ್ತರರಿಗೆ ಅಂದಳು: "ಹೌದ್ರಿ, ನಮ್ಮವರ ಅದಾರ. ಆದ್ರ ಇನ್ನೊಂದ್ ತಾಸು ಅಲ್ಲೇ ಕೂಡಸ್ರಿ ಸರ್. ಹಂಗರ ಒಂದ್ ಕಡೆ ಕುಂತಿರತಾರ."

ಆ ದಿನ ತೀರ್ಮಾನ ಮಾಡಿದೆ. ಇನ್ನು ಊರು ಬಿಡುವುದಿಲ್ಲ, ಮಗಳು "ನಮ್ಮಪ್ಪ ಊರಾಗ ಅದಾನ್ರಿ" ಅನ್ನುವಂತೆ ಮಾಡುತ್ತೇನೆ ಅಂತ. ಇಣುಕಿದಾಗ ಇನ್ನೊಂದನ್ನೂ ನೋಡಿದ್ದೆ. ಅವಳು ಕುಂತ ಜಾಗದ ಮೇಲೆ, ಗೋಡೆಯಲ್ಲಿ, ಮಾಳಿಗೆಯ ಚಾವಣಿಯಿಂದ ಕೆಳಗಿನವರೆಗೆ ಒಂದು ಸೀಳು.

೨. ಯಾರೂ ಬಂದಿಲ್ಲ

ಮರುವಾರ ಅದೇ ತರಗತಿಯ ಖೋಲಿಯಲ್ಲಿ ಪಾಲಕರ ಸಭೆ. ಸಾಲಿಗೆ ಸಮಿತಿ ಮಾಡಬೇಕು, ಅದಕ್ಕೆ ಪಾಲಕರಲ್ಲೇ ಒಬ್ಬರು ಅಧ್ಯಕ್ಷರಾಗಬೇಕು ಅಂತ ಸರ್ಕಾರದ ಹುಕುಂ ಬಂದಿತ್ತು. ಗಂಡಸರೆಲ್ಲ ನೇಕಾರರು, ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಂತವರು, ನೇಯ್ಗೆಯ ಹಾಸು ಅರ್ಧಕ್ಕೆ ಬಿಟ್ಟು ಏಳುವವರಲ್ಲ. ಬಂದವರು ಹನ್ನೆರಡು ಮಂದಿ ತಾಯಂದಿರು. ಕಡೆಗೆ, ಬಾಗಿಲಲ್ಲಿ, ನಾನು.

ಹೆಡ್ ಮಾಸ್ತರರು ಗಡಿಯಾರ ನೋಡಿದರು, ಹೊರಗೆ ನೋಡಿದರು, ಹನ್ನೆರಡು ಮಂದಿಯ ತಲೆಯ ಮೇಲಿಂದ ಗೋಡೆ ನೋಡಿ ನಿಟ್ಟುಸಿರು ಬಿಟ್ಟರು. "ಛೇ, ಯಾರೂ ಬಂದಿಲ್ಲಲ್ಲ."

ಅಡುಗೆ ಕೋಣೆಯ ಕಡೆಯಿಂದ ಬಿಸಿಯೂಟದ ಅಕ್ಕ ಸೌಟು ಹಿಡಿದು ಬಂದಳು. ಅವಳ ಮಗನೂ ಅದೇ ಸಾಲಿ. "ಸರ್, ನಾವೇನ್ ಖುರ್ಚಿ ಅದೀವೇನ್ರಿ?"

ಮಾಸ್ತರರು ಕೆಂಪಾದರು. ಪಾಪ, ಒಳ್ಳೆಯ ಮನುಷ್ಯ. ಆದರೂ ಆ ಕ್ಷಣದಲ್ಲಿ ಕಣ್ಣಿಗೆ ಬಿದ್ದ ಗಂಡಸು ನಾನೊಬ್ಬನೇ.

"ನಿಮ್ದು ಎಷ್ಟನೇತ್ತೆ ಆಗೇತ್ರಿ?"

"ನಾಲ್ಕನೇತ್ತೆ. ಅರ್ಧ."

"ಯಾವ ಸಾಲಿ?"

"ಇದ ಸಾಲಿ. ಈ ಗ್ವಾಡಿ ಕಿಟಕಿ ಹಾರೇ ಹೋಗಿದ್ದೆ."

ಅಧ್ಯಕ್ಷತನ ತಪ್ಪಿತು ಅಂದುಕೊಂಡೆ. ಸೌಟು ಹಿಡಿದ ಅಕ್ಕ ಬಿಡಲಿಲ್ಲ. "ಇವರನ್ನ ಮಾಡ್ರಿ ಸರ್. ಈ ಸಾಲಿಯಿಂದ ಹುಡುಗರು ಎಲ್ಲೆಲ್ಲಿ ಓಡಿ ಹೋಗಬಹುದು ಅನ್ನೂದು ಇವರಷ್ಟು ಯಾರಿಗೂ ಗೊತ್ತಿಲ್ಲ. ಮತ್ತ ಇವರಿಗೆ ಬ್ಯಾರೆ ಕೆಲಸಾನೂ ಇಲ್ಲ."

ಹನ್ನೆರಡೂ ಮಂದಿ ಕೈ ಎತ್ತಿದರು. ಯಾರೂ ಬಾರದ ಸಭೆಯಲ್ಲಿ ನಾನು ಅವಿರೋಧವಾಗಿ ಆರಿಸಿ ಬಂದೆ.

ಜಗಲಿಯ ಮೇಲೆ ಒಬ್ಬ ನೇಕಾರ ಅಜ್ಜ ಕುಂತಿದ್ದ. ಮಗ್ಗವನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ದಿನಾ ಮೊಮ್ಮಗಳನ್ನು ಸಾಲಿಗೆ ಕರೆತಂದು, ಗಂಟೆ ಬಾರಿಸುವವರೆಗೆ ಅಲ್ಲೇ ಕೂಡುವುದು ಅವನ ರೂಢಿ. ಅಜ್ಜ ಅಂದ: "ಹಾರಿದವ ನೀನ ಅಲ್ಲೇನೋ? ಮತ್ತ ಆ ಸೀಳು ನಿನ್ನ ಸಲುವಾಗೇ ಬಿಟ್ಟಿರಬೇಕು. ಭಾಳ ಜೋರ ಹಾರಿದ್ದಿ."

ನಾನು ಮನೆಗೆ ಹೋಗಿ ಬಹಳ ಹೊತ್ತು ವಿಚಾರ ಮಾಡಿದೆ. ಇದ್ದರೂ ಇರಬಹುದು.

೩. ಲಾರಿಯ ಮೇಲಿನ ಕಚೇರಿ

ಅಧ್ಯಕ್ಷನಾದ ಮೇಲೆ ಮೊದಲ ಕೆಲಸ, ಮಗಳನ್ನು ಸೀಳಿನ ಕೆಳಗಿಂದ ಎಬ್ಬಿಸುವುದು. ಅವಳು ಏಳಲಿಲ್ಲ. "ನನ್ನ ಗೆಳತಿ ಅಲ್ಲೇ ಕೂಡ್ತಾಳ. ನಾ ಎದ್ರ ಆಕಿ ಮ್ಯಾಲ ಬಿದ್ರ ನಡೀತೈತೇನು?" ಗೆಳತಿ ಅಂದರೆ ಆ ಅಜ್ಜನ ಮೊಮ್ಮಗಳು. ಅಧ್ಯಕ್ಷ ನೆಟ್ಟಗೆ ಮಾಸ್ತರರ ಹತ್ತಿರ ಹೋದ. ಎಲ್ಲರನ್ನೂ ಎಬ್ಬಿಸಿರೆಂದರೆ ಮಾಸ್ತರರು, "ಬ್ಯಾರೆ ಖೋಲಿ ಎಲ್ಲಿಂದ ತರಲಿ? ಮ್ಯಾಲಿಂದ ಕಾಗದ ಬಂದ್ರ ಬೀಗ ಹಾಕತೇನಿ" ಅಂದರು.

ಮೇಲೆ ಅಂದರೆ ಹುನಗುಂದದ ತಾಲೂಕು ಕಚೇರಿ. ಹುನಗುಂದದವರು ಬಾಗಲಕೋಟೆ ಅಂದರು. ಬಾಗಲಕೋಟೆಯಲ್ಲಿ ವಿದ್ಯಾಗಿರಿ ಅಂತ ಒಂದು ಬಡಾವಣೆ ಇದೆಯಲ್ಲ, ವಿದ್ಯೆಯ ಕಚೇರಿ ಅಲ್ಲೇ ಇರಬೇಕು ಅಂತ ಇಳಿದೆ. ಅಲ್ಲಿ ಹಳೇ ಊರು ಅಂದರು. ಹಳೇ ಊರಿನಲ್ಲಿ, "ಎದ್ದು ನವನಗರಕ್ಕ ಹೋತು" ಅಂದರು. ನವನಗರದಲ್ಲಿ, "ಇನ್ನ ಬಂದಿಲ್ಲ, ಹಾದಿಯಾಗ ಐತಿ" ಅಂದರು. ಹಳೇ ಊರು ಹಿನ್ನೀರಿಗೆ ಹೋಗುವುದಿತ್ತು, ಕಚೇರಿಗಳು ಒಂದೊಂದಾಗಿ ಲಾರಿ ಹತ್ತಿ ನವನಗರಕ್ಕೆ ಮೇಲೇರುತ್ತಿದ್ದವು. ಲಾರಿಯ ವಿಷಯದಲ್ಲಾದರೂ ನನಗೆ ಅನುಭವ ಇದೆ. ಹಾದಿಯಲ್ಲಿ ಕಾದು ನಿಂತೆ, ಕಚೇರಿ ಬಂತು. ಗುಮಾಸ್ತರು ಕಪಾಟಿನ ಮೇಲೆ ಕುಂತಿದ್ದರು. ಸೀಳಿನ ಸಂಗತಿ ಕೂಗಿ ಹೇಳಿ ಅರ್ಜಿ ಕೇಳಿದೆ.

"ಗ್ವಾಡಿ ಬಿದ್ದದೇನು?" ಅಲ್ಲಿಂದಲೇ ಕೇಳಿದರು.

"ಇನ್ನೂ ಇಲ್ರಿ."

"ಬಿದ್ದಿಲ್ಲಂದ್ರ ಈ ಅರ್ಜಿ ಬರಂಗಿಲ್ಲ. ಇದು ಬಿದ್ದದ್ದಕ್ಕ."

"ನಿಂತದ್ದಕ್ಕ ಯಾವುದ್ರಿ?"

"ನಿಂತದ್ದಕ್ಕ ಅರ್ಜಿ ಯಾಕ ಬೇಕು?"

ಅವರು ಹೇಳಿದ್ದು ಸರಿಯಾಗೇ ಕಂಡಿತು. ಆದರೂ ಏನೋ ಸರಿಯಿಲ್ಲ ಅನ್ನಿಸಿ ಹೋಗಲಿಲ್ಲ. ಕಡೆಗೆ ಗುಮಾಸ್ತರಿಗೇ ಕನಿಕರ ಬಂತು. ಒಂದು ಬಿಳಿ ಹಾಳೆ ಕೊಟ್ಟು, "ಗ್ವಾಡಿಯ ಸ್ಥಿತಿ ಬರೀರಿ" ಅಂದರು. ಬೀಳುತ್ತದೆ ಅಂತ ಬರೆದರೆ ಸಾಲಿಯನ್ನೇ ಮುಚ್ಚುತ್ತಾರಂತೆ. ಗಟ್ಟಿ ಇದೆ ಅಂತ ಬರೆದರೆ ಫೈಲನ್ನೇ ಮುಚ್ಚುತ್ತಾರಂತೆ.

ನಡುವೆ ಏನು ಬರೆಯುವುದು? ನಾಲ್ಕನೇತ್ತೆಯ ಅರ್ಧದಲ್ಲಿ ಕಲಿತ ಅಕ್ಷರಗಳನ್ನೆಲ್ಲ ಕೂಡಿಸಿ ಬರೆದೆ: "ಗ್ವಾಡಿ ವಿಚಾರ ಮಾಡಾಕತ್ತೈತಿ."

ಗುಮಾಸ್ತರು ಎರಡು ಸಲ ಓದಿದರು. ಮೂವತ್ತು ವರ್ಷದ ನೌಕರಿಯಲ್ಲಿ ಇಷ್ಟು ಖರೆ ಅರ್ಜಿ ನೋಡಿಲ್ಲ ಅಂತ ಠಸ್ಸೆ ಒತ್ತಿದರು.

೪. ಎರಡು ಕಲ್ಲು

ಆ ವರ್ಷ ಚುನಾವಣೆಯೂ ಬಂತು. ಚುನಾವಣೆಗೆ ಮೊದಲು, ಆಗ ಇದ್ದ ಶಾಸಕ ಸಾಹೇಬರು ಬಂದು ಹೊಸ ಖೋಲಿಗೆ ಅಡಿಗಲ್ಲು ಹಾಕಿದರು. ನಮ್ಮ ಊರಿನ ಕೆಂಪು ಗ್ರಾನೈಟು, ಕನ್ನಡಿಯ ಹಾಗೆ ಮಿಂಚುತ್ತಿತ್ತು. ಅವರು ಸೋತರು. ಗೆದ್ದ ಸಾಹೇಬರು, "ಅದು ಅವರ ಕಲ್ಲು" ಅಂತ ಎದುರಿಗೇ ತಮ್ಮದೊಂದು ಹಾಕಿದರು.

ಎರಡನೆಯವರು ಪೆಂಡಾಲಿನಲ್ಲಿ ಮಕ್ಕಳ ರಕ್ಷಣೆಯ ಮೇಲೆ ಮುಕ್ಕಾಲು ತಾಸು ಮಾತಾಡಿದರು. ಬಿಸಿಲಿಗೆ ಮಕ್ಕಳು ಬಾಡಿಹೋದವು. ನಾನು ಅಧ್ಯಕ್ಷನಲ್ಲವೇ, ಎದ್ದು ಕೈಮುಗಿದೆ.

"ಸಾಹೇಬ್ರ, ಉಳಿದ ಭಾಷಣ ಖೋಲಿಯೊಳಗ ಮಾಡ್ರಿ. ನೆರಳೈತಿ."

ಸಾಹೇಬರು ಖೋಲಿಯ ಬಾಗಿಲವರೆಗೆ ಬಂದರು. ಸೀಳು ನೋಡಿದರು. ಮಾಳಿಗೆ ನೋಡಿದರು. ಒಂದು ಹೆಜ್ಜೆ ಹಿಂದೆ ಇಟ್ಟು, "ಹೊರಗ ಗಾಳಿ ಛಲೋ ಬರ್ತೈತ್ರಿ" ಅಂದರು. ಎರಡೇ ನಿಮಿಷದಲ್ಲಿ ಭಾಷಣ ಮುಗಿಯಿತು, ಕಾರು ಹೊರಟಿತು. ಮಕ್ಕಳು ಎದ್ದು ಅದೇ ಖೋಲಿಯೊಳಗೆ ಹೋಗಿ ಕುಂತವು.

ಹೊಸ ಖೋಲಿ ಮಾತ್ರ ಮೇಲೇಳಲಿಲ್ಲ. ಎರಡೂ ಕಲ್ಲುಗಳು ಅಡುಗೆಯ ಅಂಗಳದಲ್ಲಿ ಎದುರುಬದುರು ನಿಂತವು. ತಿಂಗಳುಗಟ್ಟಲೆ ಅವನ್ನು ನೋಡಿ ನೋಡಿ ನಾನೊಮ್ಮೆ ಬಿಸಿಯೂಟದ ಅಕ್ಕನಿಗೆ, "ಇವನ್ನ ಏನ್ ಮಾಡೂದಬೇ ಯಕ್ಕಾ?" ಅಂದೆ.

"ಇನ್ನೊಬ್ಬ ಸಾಹೇಬ್ರು ಬರೂತನಾ ತಡಿಯೋ ತಮ್ಮಾ" ಅಂದಳು ಅಕ್ಕ. "ಮೂರ ಕಲ್ಲಾದ್ರ ಒಲಿ ಹೂಡತೇನಿ."

೫. ಹರಿಯದ ನೂಲು

ನನ್ನ ಅರ್ಜಿಗೆ ಉತ್ತರ ಬಂತು. ಎಂಜಿನಿಯರ್ ಬರುತ್ತಾರೆ, ಅಲ್ಲಿಯವರೆಗೆ ಸೀಳಿಗೆ ಅಡ್ಡ ಕಾಗದ ಅಂಟಿಸಿರಿ, ಹರಿದರೆ ಗೋಡೆ ಸರಿಯುತ್ತಿದೆ ಅಂತ ತಿಳಿಯಿರಿ ಅಂತ ಅದರಲ್ಲಿ ಬರೆದಿತ್ತು. ಅಂಟಿಸಿದೆ. ಮಧ್ಯಾಹ್ನದೊಳಗೆ ಮಕ್ಕಳು ಕಿತ್ತು ವಿಮಾನ ಮಾಡಿ ಹಾರಿಸಿದವು. ನೂಲಿನ ಊರು ಇಳಕಲ್ಲಿನಲ್ಲಿ ಕಾಗದ ಯಾಕೆ ಬೇಕು? ಸೀಳಿನ ಆಚೆ ಒಂದು ಮೊಳೆ, ಈಚೆ ಒಂದು ಮೊಳೆ ಬಡಿದು ನಡುವೆ ಒಂದೆಳೆ ನೂಲು ಬಿಗಿದೆ. ಯಾವ ಮಗುವೂ ಮುಟ್ಟಕೂಡದು ಅಂತ ಆಣೆ ಹಾಕಿಸಿದೆ.

ನೂಲು ಹರಿಯಲಿಲ್ಲ. ಒಂದು ತಿಂಗಳು, ಎರಡು ತಿಂಗಳು, ಮೂರು. ಮೊದಲು ಸೀಳಿನೊಳಗೆ ಬಳಪ ಹೋಗುತ್ತಿತ್ತು, ಈಗ ನನ್ನ ಹೆಬ್ಬೆರಳು ಹೋಗುತ್ತಿತ್ತು. ನೂಲು ಮಾತ್ರ ಬಿಗಿಯಾಗಿ, ಹೊಸದರ ಹಾಗೆ. ನನ್ನ ಬೆರಳೇ ಸಣ್ಣಗಾಗಿರಬೇಕು ಅಂತ ಹೆಂಡತಿಗೆ ತೋರಿಸಿದೆ. ಅವಳು ಇನ್ನೊಂದು ರೊಟ್ಟಿ ಬಡಿಸಿದಳು.

ಒಂದು ಸೋಮವಾರ ನೋಡಿದರೆ, ಯಾರೋ ಒಬ್ಬ ಸಾಲಿಯ ಹಿಂದೆ ಗೋಡೆಗೆ ಕಣ್ಣು ಹಚ್ಚಿ ನಿಂತಿದ್ದಾನೆ. ಗಡ್ಡ, ಧೂಳು, ಹೆಗಲಿಗೆ ಚೀಲ. ಓಡಿಹೋಗಿ ಕಾಲರ್ ಹಿಡಿದೆ.

"ಯಾರಲೇ ನೀನು?"

"ಎಂಜಿನಿಯರ್ ಅದೀನ್ರಿ."

"ಎಲ್ಲಾ ಕಳ್ಳರೂ ಹಂಗ ಅಂತಾರ!"

ಹೇಳಿದ ಮೇಲೆ ಈ ಮಾತನ್ನು ಎಲ್ಲೋ ಕೇಳಿದ್ದೇನಲ್ಲ ಅನ್ನಿಸಿತು. ಅಷ್ಟರಲ್ಲಿ ಅವರ ಚೀಲದಿಂದ ಟೇಪು ಬಿತ್ತು, ನನ್ನ ಅರ್ಜಿಯೂ ಬಿತ್ತು.

ಕಾಲರ್ ಸರಿಮಾಡಿಕೊಳ್ಳುತ್ತ ಎಂಜಿನಿಯರು ಸಿಟ್ಟಿನಲ್ಲೇ ಒಳಗೆ ಬಂದು ನೂಲು ನೋಡಿದರು. ಬೆರಳಿನಿಂದ ಮಿಡಿದರು, ಟಿಂಯ್ ಅಂತು. "ಮೂರು ತಿಂಗಳಿಂದ ಹರಿದಿಲ್ಲ. ಗ್ವಾಡಿ ಗಟ್ಟಿ ಐತಿ. ವಿಚಾರ ಏನೂ ಮಾಡಾಕತ್ತಿಲ್ಲ." ಪೆನ್ನು ತೆಗೆದರು.

ಅವರು ಬರೆದುಬಿಟ್ಟರೆ ಆ ಸೀಳಿನ ಕೆಳಗೆ ನನ್ನ ಮಗಳು ಇನ್ನು ವರ್ಷಗಟ್ಟಲೆ ಕೂಡುತ್ತಾಳೆ. ಆದರೆ ನೂಲಿನ ವಿರುದ್ಧ ನಾನು ಏನು ಹೇಳಲಿ? ನಾನೇ ಕಟ್ಟಿದ ಸಾಕ್ಷಿ.

ಆಗ ಬಾಗಿಲಲ್ಲಿ ಅಜ್ಜ ನಕ್ಕ. "ಹೆಂಗ ಹರದೀತ್ರಿ ಸಾಹೇಬ್ರ? ಆರ ಸಲ ಕೂಡಿಸೇನಿ!"

ಎಂಜಿನಿಯರ ಪೆನ್ನು ನಿಂತಿತು.

"ದಿನಾ ಮೊಮ್ಮಗಳನ್ನ ಬಿಡಾಕ ಬರತೇನಿ" ಅಂದ ಅಜ್ಜ. "ನೋಡಿದ್ರ ಎಳಿ ಹರಿದಿರತೈತಿ. ಹರಿದ ಎಳಿ ಕಂಡು ಸುಮ್ನ ಹೋದ್ರ ನಮ್ಮ ಕೈ ತುರಸತಾವ್ರಿ. ಸಾಲದಿದ್ರ ಮನಿಯಿಂದ ಗೇಣುದ್ದ ತಂದು ಸೇರಿಸೇನಿ. ಗಂಟ ಎಲ್ಲೈತಿ ತೋರಸ್ರಿ ನೋಡೂಣು!"

ಎಂಜಿನಿಯರು ಕನ್ನಡಕ ಏರಿಸಿ, ನೂಲಿನ ಮೇಲೆ ಉಗುರು ಎಳೆದರು. ಒಂದು, ಎರಡು, ಮೂರು... ಆರರವರೆಗೆ ಎಣಿಸುವಾಗ ಅವರ ದನಿ ಸಣ್ಣದಾಗುತ್ತ ಹೋಯಿತು. ಆಮೇಲೆ ಬಹಳ ಮೆಲ್ಲಗೆ ಅಂದರು: "ಮಕ್ಕಳನ್ನ ಹೊರಗ ಕರೀರಿ. ಯಾರೂ ಓಡಬ್ಯಾಡ್ರಿ."

ಟಕ್ ಅಂತು. ನೂಲು ಹರಿಯಿತು, ಏಳನೇ ಸಲ. ಎಲ್ಲರಿಗಿಂತ ಮೊದಲು ಓಡಿದವರು ಎಂಜಿನಿಯರು. ನಾನು ಎರಡು ಕೈಗೆ ಮಗಳನ್ನೂ ಅವಳ ಗೆಳತಿಯನ್ನೂ ಎತ್ತಿಕೊಂಡು ಬೇವಿನ ಗಿಡದ ಕೆಳಗೆ ಬಂದು ತಲೆ ಎಣಿಸಿದೆ. ಮಕ್ಕಳು ಸರಿ ಇದ್ದವು. ಅಜ್ಜ ಇಲ್ಲ.

"ಯಜ್ಜಾ! ಎಲ್ಲದೀಯೋ?"

ಒಳಗಿನಿಂದ ದನಿ ಬಂತು: "ಬಂದ್ನೋ, ಒಂದ್ ಗಂಟು ಹಾಕಿ ಬಂದ್ನಿ!"

ಗಂಟು ಮುಗಿಸಿದವನನ್ನು ಎಳೆದು ಹೊರಗೆ ತರಬೇಕಾದರೆ ಸಾಕುಸಾಕಾಯಿತು. ಅಂದೇ ಖೋಲಿಗೆ ಬೀಗ ಬಿತ್ತು, ಮಕ್ಕಳು ಗಿಡದ ಕೆಳಗೆ ಓದಿದವು. ಮಾಸ್ತರರು ಸಮಿತಿಯ ಪಟ್ಟಿಯಲ್ಲಿ ನನ್ನ ಉದ್ಯೋಗದ ಮುಂದೆ ಏನು ಬರೆಯಲಿ ಅಂದಾಗ ಮಗಳೇ ಕೂಗಿ ಹೇಳಿದಳು: "ನಮ್ಮಪ್ಪ ಊರಾಗಿರತಾನ್ರಿ!"

ಮಳೆ ಹಿಡಿದ ಒಂದು ರವಿವಾರ, ಯಾರೂ ಇಲ್ಲದಾಗ, ಗೋಡೆಯ ವಿಚಾರ ಮುಗಿಯಿತು. ಬಿತ್ತು. ಸೋಮವಾರ ಊರೇ ಬಂದು ನೋಡಿತು. ಇದನ್ನು ಕಟ್ಟಿಸಿದವರು ಯಾರು, ದುರಸ್ತಿ ಮಾಡಬೇಕಾದವರು ಯಾರು, ಹಾರಿ ಕೆಡಿಸಿದವನು ಯಾರು ಅಂತ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಕಡೆಗೆ ಎಲ್ಲರೂ ನನ್ನ ಮುಖ ನೋಡಿದರು.

ಅಜ್ಜ ಮಾತ್ರ ಕಲ್ಲುಮಣ್ಣಿನಲ್ಲಿ ಬಗ್ಗಿ ಏನೋ ಹುಡುಕುತ್ತಿದ್ದ. ಸಿಕ್ಕಿತು. ಮೇಲೆತ್ತಿ ಹಿಡಿದ. ಆ ತುದಿಗೆ ಗೋಡೆಯಿಂದ ಕಿತ್ತುಬಂದ ಒಂದು ಮೊಳೆ, ಈ ತುದಿಗೆ ಒಂದು ಮೊಳೆ, ನಡುವೆ ನೂಲು ಇಡಿಯಾಗಿ ತೂಗಾಡುತ್ತಿತ್ತು.

"ನೋಡ್ರಿ ಅಧ್ಯಕ್ಷರ" ಅಂದ. "ನನ್ನ ಕೆಲಸ ಗಟ್ಟಿ ಐತಿ. ಇನ್ನ ಗ್ವಾಡಿ ಕಟ್ಟಿದವರನ್ನ ಕೇಳಕೋರಿ."